ಕೂದಲ ಹಗ್ಗ, ಕಾರಿನ ಬಂಪರ್: ಗುಜರಿ ವಸ್ತು ಕಲಾಕೃತಿಯಾಗುವುದು ಯಾವಾಗ?

ಒಣಕೊಂಬೆ (ಪ್ರಶ್ನೆ)

ನಾನು ಚಿತ್ರಕಲೆಯ ಅಧ್ಯಾಪಕಿ. ನಿಸರ್ಗದಿಂದ ಬಂದ ವಸ್ತುವೊಂದನ್ನೂ ಕಾರ್ಖಾನೆಯಲ್ಲಿ ಹುಟ್ಟಿ ಈಗ ಗುಜರಿಗೆ ಬಿದ್ದಿರುವ ವಸ್ತುವೊಂದನ್ನೂ ಕೂಡಿಸಿ ಇನ್‌ಸ್ಟಲೇಷನ್ ಕೃತಿ (ವಸ್ತುಗಳನ್ನು ಜಾಗವೊಂದರಲ್ಲಿ ಜೋಡಿಸಿ ಕಟ್ಟುವ ಕಲಾಕೃತಿ) ರಚಿಸಿರೆಂದು ತರಗತಿಯಲ್ಲಿ ಹೇಳಿದಾಗಲೆಲ್ಲ, ವಿದ್ಯಾರ್ಥಿಗಳು ಒಣಕೊಂಬೆಯನ್ನು ತುಕ್ಕು ಹಿಡಿದ ಹಲ್ಲುಚಕ್ರಕ್ಕೆ ಬಿಗಿದು ತರುತ್ತಾರೆ. ಮರ ಒಳ್ಳೆಯದು, ಯಂತ್ರ ಕೆಟ್ಟದ್ದು ಎಂಬುದರಾಚೆಗೆ ಅದು ಏನನ್ನೂ ಹೇಳುವುದಿಲ್ಲ. ಪರಿಸರ ದಿನಾಚರಣೆಯ ಭಿತ್ತಿಪತ್ರಕ್ಕೂ ಅದಕ್ಕೂ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಕಲಾವಿದೆ ಶೀಲಾ ಗೌಡ ಅವರ ‘ಬಿಹೋಲ್ಡ್’ ಕೃತಿಯೂ ಮೇಲ್ನೋಟಕ್ಕೆ ಇದೇ ಬಗೆಯದು: ಒಂದು ಕಡೆ ಮನುಷ್ಯರ ಕೂದಲು, ಇನ್ನೊಂದು ಕಡೆ ಕಾರುಗಳ ಬಂಪರ್. ಆದರೂ ಅದು ಭಿತ್ತಿಪತ್ರವಾಗಿ ಉಳಿಯದೆ ಬೇರೇನೋ ಆಗಿರುವುದು ಹೇಗೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಿ ಹೇಳಲು ನೆರವಾಗುವಿರಾ?

ತಗಡುಪೆಟ್ಟಿಗೆ

ಇಟಲಿಯ ವೆನಿಸ್ಸಿನಲ್ಲಿ ನಡೆಯುವ ಅಂತಾರಾಷ್ಟ್ರೀಯ ಕಲಾಪ್ರದರ್ಶನವಾದ ವೆನಿಸ್ ಬಿನಾಲೆಯಲ್ಲಿ 2009ರಲ್ಲಿ ಪ್ರದರ್ಶಿತವಾಗಿ, ಈಗ ಲಂಡನ್ನಿನ ಟೇಟ್ ಕಲಾಸಂಸ್ಥೆಯ ಸಂಗ್ರಹದಲ್ಲಿರುವ ಆ ಕೃತಿಯಲ್ಲಿ ಸುಮಾರು 4000 ಮೀಟರ್ ಉದ್ದದ ಕೂದಲ ಹಗ್ಗವೂ ಕ್ರೋಮ್ ಲೇಪನದ ಇಪ್ಪತ್ತರಷ್ಟು ಬಂಪರುಗಳೂ ಇವೆ. ಈ ಎರಡು ವಸ್ತುಗಳ ನಂಟನ್ನು ಕಲಾವಿದೆ ಕಲ್ಪಿಸಿಕೊಂಡದ್ದಲ್ಲ ಎಂಬುದನ್ನು ನಿಮ್ಮ ವಿದ್ಯಾರ್ಥಿಗಳು ಮೊದಲು ಗಮನಿಸಬೇಕು. ವಾಹನಕ್ಕೆ ಕೆಟ್ಟ ದೃಷ್ಟಿ ತಾಗದಿರಲೆಂದು ಬಂಪರಿಗೆ ಕೂದಲ ಹಗ್ಗದ ತುಂಡೊಂದನ್ನು ಕಟ್ಟುವ ರೂಢಿ ಬೆಂಗಳೂರಿನ ರಸ್ತೆಗಳಲ್ಲಿ ಇದ್ದದ್ದೇ. ಆ ಕೂದಲಾದರೂ ಕೇವಲ ನಿಸರ್ಗದ ವಸ್ತುವಲ್ಲ: ಹರಕೆ ಹೊತ್ತವರು ದೇವರಿಗೆ ಮುಡಿ ಕೊಟ್ಟ ಮೇಲೆ ಅದು ವ್ಯಾಪಾರಿಗಳ ಕೈಸೇರುತ್ತದೆ, ಉದ್ದನೆಯದು ಚೌರಿ ತಯಾರಿಕೆಗೆ ಹೋಗುತ್ತದೆ, ಗಿಡ್ಡಗಿರುವುದನ್ನು ಹೊಸೆದು ಹಗ್ಗ ಮಾಡುತ್ತಾರೆ. ಭಕ್ತಿಯೂ ವ್ಯಾಪಾರವೂ ಭಯವೂ ಒಂದೇ ಎಳೆಯಲ್ಲಿ ಹೊಸೆದುಕೊಂಡಿರುವಾಗ, ‘ನಿಸರ್ಗ ವಿರುದ್ಧ ಯಂತ್ರ’ ಎಂಬ ಸರಳ ಗೆರೆಯನ್ನು ಎಳೆಯಲು ಅಲ್ಲಿ ಜಾಗವೇ ಇಲ್ಲ.

ಹಾಗಾದರೆ ಕಲಾವಿದೆ ಮಾಡಿದ್ದೇನು? ನನ್ನ ಮಟ್ಟಿಗೆ ಅವರು ಬದಲಿಸಿದ್ದು ಪ್ರಮಾಣವನ್ನು. ರಸ್ತೆಯಲ್ಲಿ ಬಂಪರೇ ಮುಖ್ಯ, ಹಗ್ಗ ಅದಕ್ಕೆ ಕಟ್ಟಿದ ಗೇಣುದ್ದದ ತುಣುಕು. ಇಲ್ಲಿ ಹಗ್ಗ ರಾಶಿರಾಶಿಯಾಗಿ ಗೋಡೆಯಿಂದ ಇಳಿಬಿದ್ದು ನೆಲಕ್ಕೆ ಹರಡಿಕೊಂಡಿದೆ, ಭಾರವಾದ ಉಕ್ಕನ್ನು ಅದೇ ಹೊತ್ತು ನಿಂತಂತೆ ಕಾಣುತ್ತದೆ. ಕಾಯುವ ವಸ್ತು ಯಾವುದು, ಕಾಯಿಸಿಕೊಳ್ಳುವ ವಸ್ತು ಯಾವುದು ಎಂಬ ಸಂಬಂಧವು ಮಾತಿನಲ್ಲಿ ಅಲ್ಲ, ತೂಕದಲ್ಲಿಯೇ ಕಣ್ಣಿಗೆ ಬೀಳುತ್ತದೆ.

ಮಸಿಬಟ್ಟೆ

ತಗಡುಪೆಟ್ಟಿಗೆಯವರ ವಿವರಣೆ ಸೊಗಸಾಗಿದೆ, ಆದರೆ ಅದನ್ನು ಪೂರ್ತಿ ಒಪ್ಪಲಾರೆ. ಮುಡಿ ಕೊಡುವುದನ್ನಾಗಲಿ ದೃಷ್ಟಿ ತೆಗೆಯುವುದನ್ನಾಗಲಿ ಅರಿಯದ ವೆನಿಸ್ಸಿನ ನೋಡುಗನಿಗೆ ಗೋಡೆಯ ಮೇಲಿನ ಟಿಪ್ಪಣಿಯೇ ಅರ್ಧ ಕೃತಿಯಾಗಿಬಿಡುವುದಿಲ್ಲವೇ? ಇದಕ್ಕೆ ಪ್ರತಿಯಾಗಿ ಇಟಲಿಯ ಕಲಾವಿದ ಜೊವಾನ್ನಿ ಅನ್ಸೆಲ್ಮೊ 1968ರಲ್ಲಿ ಮಾಡಿದ ಕೃತಿಯೊಂದನ್ನು ನೆನಪಿಸಿಕೊಳ್ಳಿ. ನೆಟ್ಟಗೆ ನಿಲ್ಲಿಸಿದ ಗ್ರಾನೈಟ್ ಕಲ್ಲಿಗೆ ಇನ್ನೊಂದು ಚಿಕ್ಕ ಕಲ್ಲನ್ನು ತಾಮ್ರದ ತಂತಿಯಿಂದ ಕಟ್ಟಿ, ನಡುವೆ ಲೆಟ್ಯೂಸ್ ಸೊಪ್ಪನ್ನು ಇಟ್ಟಿರುತ್ತಾರೆ. ಸೊಪ್ಪು ಬಾಡಿ ಕುಗ್ಗಿದರೆ ತಂತಿ ಸಡಿಲವಾಗಿ ಚಿಕ್ಕ ಕಲ್ಲು ಕೆಳಗೆ ಬೀಳುತ್ತದೆ. ಆದ್ದರಿಂದ ಕೃತಿ ನಿಂತಿರಬೇಕಾದರೆ ಪ್ರದರ್ಶನದವರು ಅದಕ್ಕೆ ಹೊಸ ಸೊಪ್ಪನ್ನು ಉಣಿಸುತ್ತಲೇ ಇರಬೇಕು. ಅನ್ಸೆಲ್ಮೊ ಸೇರಿದ್ದ, ಕಲಾವಿಮರ್ಶಕ ಜೆರ್ಮಾನೊ ಚೆಲಾಂಟ್ 1967ರಲ್ಲಿ ‘ಆರ್ತೆ ಪೋವೆರಾ’ (ಬಡ ಕಲೆ) ಎಂದು ಹೆಸರಿಟ್ಟ ಪಂಥದವರಿಗೆ ವಸ್ತುವಿನ ಹಿಂದಿನ ಕಥೆಗಿಂತ ಅದರೊಳಗಿನ ಶಕ್ತಿಯೇ ಮುಖ್ಯವಾಗಿತ್ತು. ವಿದ್ಯಾರ್ಥಿಗಳಿಗೆ ಆರಂಭದ ಮಾದರಿಯಾಗಿ ನಾನಾದರೆ ಇದನ್ನೇ ತೋರಿಸುತ್ತೇನೆ.

ಡಾಂಬರುದಾರಿ

ಮಸಿಬಟ್ಟೆಯವರ ಆಕ್ಷೇಪಕ್ಕೆ ಶೀಲಾ ಗೌಡ ಅವರ 2006ರ ‘ಡಾರ್ಕ್‌ರೂಮ್’ ಕೃತಿಯಲ್ಲಿಯೇ ಉತ್ತರವಿದೆ ಎಂದು ನನಗನ್ನಿಸುತ್ತದೆ. ರಸ್ತೆ ಕೆಲಸದ ಕೂಲಿಕಾರರು ಖಾಲಿಯಾದ ಡಾಂಬರು ಡ್ರಮ್ಮುಗಳನ್ನು ಬಿಚ್ಚಿ, ಬಡಿದು, ತಗಡು ಮಾಡಿ ಗುಡಿಸಲಿಗೆ ಹೊದಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಅಂತಹ ಡ್ರಮ್ಮು ಮತ್ತು ತಗಡುಗಳಿಂದಲೇ ಕಟ್ಟಿದ ಆ ರಚನೆ ಹೊರಗಿನಿಂದ ಕಂಬಸಾಲಿನ ಕಟ್ಟಡದಂತೆ ಗಂಭೀರವಾಗಿ ಕಂಡರೂ, ಬಗ್ಗಿ ಒಳಗೆ ನುಸುಳಿದರೆ ಕತ್ತಲೆ. ಚಾವಣಿಯ ತಗಡಿನಲ್ಲಿ ಕೊರೆದ ತೂತುಗಳಿಂದ ಬೆಳಕು ಚುಕ್ಕಿಚುಕ್ಕಿಯಾಗಿ ಇಳಿಯುತ್ತದೆ. ಕೂಲಿಕಾರರ ಗುಡಿಸಲನ್ನು ಎಂದೂ ನೋಡಿರದವನ ಬೆನ್ನೂ ಅಲ್ಲಿ ಬಾಗಲೇಬೇಕಲ್ಲವೇ? ಅದಕ್ಕೆ ಟಿಪ್ಪಣಿ ಬೇಕಾಗಿಲ್ಲ. ಬದುಕಿನ ಕಥೆಯೂ ವಸ್ತುವಿನ ಶಕ್ತಿಯೂ ಬೇರೆಬೇರೆ ದಾರಿಗಳೆಂಬ ವಾದವೇ ನನಗೆ ಒಪ್ಪಿಗೆಯಾಗುವುದಿಲ್ಲ.

ಒಣಕೊಂಬೆ

ಎಲ್ಲರಿಗೂ ಧನ್ಯವಾದಗಳು. ಹಾಗಿದ್ದರೆ ವಸ್ತುವನ್ನು ತರುವ ಮೊದಲೇ ಅದು ಎಲ್ಲಿತ್ತು, ಯಾರ ಕೈಯಲ್ಲಿ ಏನು ಕೆಲಸ ಮಾಡುತ್ತಿತ್ತು ಎಂಬುದನ್ನು ಒಂದು ಪುಟ ಬರೆದು ತರುವಂತೆ ಹೇಳುತ್ತೇನೆ. ಇನ್ನೊಂದು ಸಂದೇಹವಿದೆ: ಕೊಂಬೆ ಮತ್ತು ಹಲ್ಲುಚಕ್ರಗಳ ಜೋಡಿಯನ್ನು ಪೂರ್ತಿ ನಿಷೇಧಿಸಬೇಕೇ?

ತಗಡುಪೆಟ್ಟಿಗೆ

ನಿಷೇಧ ಬೇಡ, ಅವುಗಳನ್ನು ಬರಿದೇ ಪಕ್ಕಪಕ್ಕದಲ್ಲಿಡುವುದು ಸಾಲದೆಂದು ಹೇಳಿದರೆ ಸಾಕು. ಜಾಲಿಯ ತೊಗಟೆಯಲ್ಲಿಯೂ ಅಳಲೆಕಾಯಿಯಲ್ಲಿಯೂ ಟ್ಯಾನಿನ್ ಎಂಬ ಒಗರು ಅಂಶ ಹೇರಳವಾಗಿದೆ. ಅದು ಕಬ್ಬಿಣದ ಅಂಶದೊಡನೆ ಸೇರಿದಾಗ ಕಡುಕಪ್ಪು ಬಣ್ಣ ಹುಟ್ಟುತ್ತದೆ. ಕಲಂಕಾರಿಯವರು ಬಟ್ಟೆಗೆ ಅಳಲೆಕಾಯಿ ಉಣಿಸಿ, ಬೆಲ್ಲದ ನೀರಿನಲ್ಲಿ ತುಕ್ಕು ಕಬ್ಬಿಣವನ್ನು ಕೊಳೆಯಿಸಿ ತೆಗೆದ ದ್ರವದಿಂದ ಕಪ್ಪು ಗೆರೆ ಬರೆಯುವುದು ಇದೇ ಗುಣವನ್ನು ನಂಬಿ. ಹಸಿ ತೊಗಟೆಯನ್ನು ತುಕ್ಕು ಚಕ್ರಕ್ಕೆ ಬಿಳಿಯ ಹತ್ತಿಬಟ್ಟೆಯ ಸಮೇತ ಬಿಗಿದು, ಕೆಲವು ವಾರ ನೀರು ಚಿಮುಕಿಸುತ್ತಾ ಬಂದರೆ ಎರಡೂ ಒಂದರ ಮೇಲೊಂದು ಕೆಲಸ ಮಾಡಿದ್ದರ ಗುರುತು ಬಟ್ಟೆಯ ಮೇಲೆ ಮೂಡುತ್ತದೆ. ಬಣ್ಣದಲ್ಲಿ ಅದ್ದಿದ ಅಥವಾ ವಾರ್ನಿಷ್ ಬಳಿದ ಕೊಂಬೆಯನ್ನು ಮಾತ್ರ ತರಲು ಬಿಡಬೇಡಿ, ಏಕೆಂದರೆ ಆ ಪದರವೇ ತೊಗಟೆಗೂ ಕಬ್ಬಿಣಕ್ಕೂ ಅಡ್ಡ ನಿಲ್ಲುತ್ತದೆ.