ಕರಾಟೆಯಿಂದ ಜಿಯು-ಜಿತ್ಸು ಮ್ಯಾಟಿಗೆ: ಕೋಚ್ ಜೊತೆ ಪ್ರಶ್ನೋತ್ತರ

ಪ್ರಶ್ನೆ:

ನಮಸ್ಕಾರ ಮೇಡಂ. ನನಗೀಗ 34. 12 ವರ್ಷ ಕರಾಟೆ ಮಾಡಿದ್ದೇನೆ, ಕಪ್ಪು ಬೆಲ್ಟ್ ಆಗಿದೆ. ಕೊನೆಯ 3 ವರ್ಷ ಕಿಕ್‌ಬಾಕ್ಸಿಂಗ್ ಕೂಡ. ಕಳೆದ ವಾರ ಗೆಳೆಯನ ಒತ್ತಾಯಕ್ಕೆ, ಗುದ್ದದೆ ಹಿಡಿದು ನೆಲದ ಮೇಲೆ ಮಣಿಸುವ ಬ್ರೆಜಿಲಿಯನ್ ಜಿಯು-ಜಿತ್ಸು ತರಗತಿಗೆ ಹೋದೆ. ನನಗಿಂತ 15 ಕಿಲೋ ಹಗುರವಿದ್ದ ನೀಲಿ ಬೆಲ್ಟಿನ ಹುಡುಗನೊಬ್ಬ 5 ನಿಮಿಷದಲ್ಲಿ ನಾಲ್ಕು ಸಲ ಟ್ಯಾಪ್ ಮಾಡಿಸಿದ, ಅಂದರೆ ಕೈ ತಟ್ಟಿ ಸೋಲೊಪ್ಪುವಂತೆ ಮಾಡಿದ. ಅದಕ್ಕಿಂತ ಮುಜುಗರವಾದದ್ದು ನನ್ನ ಉಸಿರಿನಿಂದ. 3 ನಿಮಿಷದ ಹತ್ತು ಸುತ್ತು ಬ್ಯಾಗ್ ಹೊಡೆದ ಮೇಲೂ ಮಾತನಾಡುತ್ತ ನಿಲ್ಲುವವನು ನಾನು; ಇಲ್ಲಿ ಎರಡನೆಯ ನಿಮಿಷಕ್ಕೇ ಏದುಸಿರು. ಕಲಿತದ್ದೆಲ್ಲ ಇಲ್ಲಿ ದಂಡವೇ? ಎಲ್ಲಿಂದ ಶುರು ಮಾಡಲಿ?

ಕೋಚ್:

ದಂಡವಲ್ಲ. ಆದರೆ ಮೊದಲ ಕೆಲವು ತಿಂಗಳು ನಿಮ್ಮ ವಿದ್ಯೆ ನಿಮಗೇ ಅಡ್ಡ ಬರುತ್ತದೆ, ಅದಕ್ಕೆ ಸಿದ್ಧರಾಗಿರಿ. ನಾನೂ ಎಂಟು ವರ್ಷ ಕಿಕ್‌ಬಾಕ್ಸಿಂಗ್ ಮಾಡಿ ಬಂದವಳು. ಆರಂಭದ ದಿನಗಳಲ್ಲಿ ಏನೂ ಬಾರದ ಹೊಸಬರಿಗಿಂತ ನಾನೇ ಹೆಚ್ಚು ಸಲ ಸಿಕ್ಕಿಬಿದ್ದೆ. ಏನೂ ಬಾರದವರು ಗಾಬರಿಗೆ ಮುದುಡಿಕೊಳ್ಳುತ್ತಾರೆ; ಮುದುಡಿಕೊಂಡವರ ಕೈ ಸುಲಭಕ್ಕೆ ಸಿಗುವುದಿಲ್ಲ. ನಾನು ಮಾತ್ರ ಧೈರ್ಯವಾಗಿ ಕೈ ಚಾಚಿ ಚಾಚಿ ಕೊಟ್ಟೆ.

ಇದರ ಮೂಲ ಅಂತರದಲ್ಲಿದೆ. ಹೊಡೆಯುವ ಕಲೆಯಲ್ಲಿ ನಾವು ಬದುಕುವುದೇ ತೋಳಳತೆಯ, ಕಾಲಳತೆಯ ಜಾಗದಲ್ಲಿ. ಎದುರಾಳಿ ಅದಕ್ಕಿಂತ ಹತ್ತಿರ ಬಂದರೆ ತಳ್ಳಿ ಜಾಗ ಮಾಡಿಕೊಳ್ಳಬೇಕೆಂದು ಮೈ ಕಲಿತುಬಿಟ್ಟಿರುತ್ತದೆ. ಜಿಯು-ಜಿತ್ಸುವಿನಲ್ಲಿ ಆ ನಡುವಿನ ಜಾಗವೇ ಅಪಾಯ. ಒಂದೋ ಪೂರ್ತಿ ದೂರ ಇರಬೇಕು, ಇಲ್ಲವೇ ಬೆವರಿಗೆ ಬೆವರು ಅಂಟುವಷ್ಟು ಹತ್ತಿರ.

ನಿಮಗೆ ಆ ದಿನ ಏನಾಗಿರಬಹುದೆಂದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಹುಡುಗ ನಿಮ್ಮ ಪಕ್ಕದಿಂದ ಎದೆಯ ಮೇಲೆ ಅಡ್ಡಲಾಗಿ ಒರಗಿದ. ಇದನ್ನು ಸೈಡ್ ಕಂಟ್ರೋಲ್ ಎನ್ನುತ್ತೇವೆ. ನೀವು ಅಂಗೈಯನ್ನು ಅವನ ಎದೆಗೋ ಗಲ್ಲಕ್ಕೋ ಕೊಟ್ಟು, ಮೊಣಕೈ ನೆಟ್ಟಗಾಗುವವರೆಗೆ ತಳ್ಳಿದಿರಿ. ಅವನು ವಿರೋಧಿಸಲಿಲ್ಲ, ತುಸು ಹಿಂದಕ್ಕೆ ಸರಿದ. ಗೆದ್ದೆ ಎಂದುಕೊಂಡ ಆ ಅರೆಕ್ಷಣದಲ್ಲಿ ನಿಮ್ಮ ಕೈಯನ್ನು ಎದೆಗವುಚಿಕೊಂಡ, ಒಂದು ಕಾಲನ್ನು ನಿಮ್ಮ ಮುಖದ ಮೇಲಿಂದ ದಾಟಿಸಿದ, ಸೊಂಟ ಮೇಲೆತ್ತಿದ. ಇದೇ ಮೊಣಕೈ ಕೀಲನ್ನು ಹಿಂದಕ್ಕೆ ಬಾಗಿಸುವ ಆರ್ಮ್‌ಬಾರ್. ನೆಟ್ಟಗಿನ ಕೈಯನ್ನು ಅವನು ಹುಡುಕಬೇಕಾಗಿಯೇ ಇರಲಿಲ್ಲ, ನೀವೇ ತಂದು ಕೊಟ್ಟಿರಿ.

ಅದರ ಬದಲು ಮಾಡಬೇಕಾದದ್ದು ಫ್ರೇಮ್. ಮೊಣಕೈ ಮಡಚಿ, ಒಂದು ಮುಂಗೈಯ ಎಲುಬನ್ನು ಅವನ ಕುತ್ತಿಗೆಯ ಬದಿಗೆ, ಇನ್ನೊಂದನ್ನು ಅವನ ಸೊಂಟಕ್ಕೆ ಕೊಡಿ. ಸ್ನಾಯು ಬೇಗ ದಣಿಯುತ್ತದೆ, ಸರಿಯಾಗಿ ಊರಿದ ಎಲುಬು ಭಾರ ತಡೆಯುತ್ತದೆ. ಆಮೇಲೆ ಕಾಲೂರಿ, ನಿಮ್ಮ ಸೊಂಟವನ್ನು ಅವನಿಂದ ಆಚೆಗೆ ಜಾರಿಸಿ. ನಾನು ತರಗತಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು ಇದು: ಅವನನ್ನು ಸರಿಸಬೇಡಿ, ನೀವು ಸರಿಯಿರಿ. ಮೊದಲ ತಿಂಗಳು ಈ ಸೊಂಟ ಜಾರಿಸುವುದು ಮತ್ತು ಕಾಲೂರಿ ಸೊಂಟ ಎತ್ತುವ ಬ್ರಿಡ್ಜ್, ಇವೆರಡನ್ನೇ ಬೇಸರವಾಗುವಷ್ಟು ಮಾಡಿ. ಕರಾಟೆಯ ನಿಗದಿತ ಚಲನೆಗಳ ಸರಣಿಯಾದ ಕಾತಾ ಅಭ್ಯಾಸ ಮಾಡಿದವರಿಗೆ ಒಂದೇ ಚಲನೆಯನ್ನು ನೂರು ಸಲ ಮಾಡುವ ತಾಳ್ಮೆ ಇರುತ್ತದೆ. ಬೇರೆಯವರಿಗಿಂತ ನೀವು ಮುಂದಿರುವ ಮೊದಲ ವಿಷಯವೇ ಅದು.

ಇನ್ನು ಉಸಿರು. ಗುದ್ದುವಾಗ ಮೈ ಬಿಗಿಯಾಗುವುದು ತಾಗುವ ಕ್ಷಣ ಮಾತ್ರ, ಉಳಿದಂತೆ ಸಡಿಲ. ಮ್ಯಾಟಿನ ಮೇಲೆ ಹೊಸಬರು 5 ನಿಮಿಷವೂ ಮುಷ್ಟಿ ಬಿಗಿದಿರುತ್ತಾರೆ. ಎದೆಯ ಮೇಲೆ ಭಾರ ಬಿದ್ದರೆ ಗೊತ್ತಿಲ್ಲದೆಯೇ ಉಸಿರು ಹಿಡಿಯುತ್ತಾರೆ. ನಿಮ್ಮ ದಮ್ಮು ಎಲ್ಲೂ ಹೋಗಿಲ್ಲ, ನೀವು ಅದನ್ನು ಬಿಗಿದು ಖರ್ಚು ಮಾಡುತ್ತಿದ್ದೀರಿ. ಕೆಳಗೆ ಸಿಕ್ಕಿಕೊಂಡಾಗ ಮೊದಲು ಒಂದು ಸಲ ಉದ್ದವಾಗಿ ಉಸಿರು ಬಿಡಿ, ಆಮೇಲೆ ಕೈಕಾಲು ಆಡಿಸಿ.

ಪ್ರಶ್ನೆ ಕೇಳಿದವರು:

ಆರ್ಮ್‌ಬಾರ್ ವಿಷಯ ಅಕ್ಷರಶಃ ನಿಜ, ಮೇಡಂ. ಎರಡು ಸಲ ಹಾಗೆಯೇ ಆಯಿತು. ಉಳಿದೆರಡು ಸಲ ಹಿಂದಿನಿಂದ ಕುತ್ತಿಗೆಗೆ ಕೈ ಹಾಕಿದ. ಹಿಂದೆ ಹೇಗೆ ಹೋದನೆಂದೇ ತಿಳಿಯಲಿಲ್ಲ.

ಕೋಚ್:

ಅವನು ಹೋಗಲಿಲ್ಲ, ನೀವು ತಿರುಗಿದಿರಿ. ಬಿದ್ದರೆ ಹೊರಳಿ ಕೈಯೂರಿ ಏಳುವುದು ನಿಂತು ಆಡುವವರ ಅಭ್ಯಾಸ. ಹಾಗೆ ಹೊಟ್ಟೆ ಅಡಿಯಾಗಿ ಹೊರಳಿದ ಕೂಡಲೇ ಬೆನ್ನು ಅವನದಾಗುತ್ತದೆ. ಸ್ಪರ್ಧೆಯಲ್ಲಿ ಬೆನ್ನು ಹಿಡಿದು ಎರಡೂ ಕಾಲು ಕೊಕ್ಕೆ ಹಾಕಿದವರಿಗೆ 4 ಅಂಕ, ಎದೆಯ ಮೇಲೆ ಹತ್ತಿ ಕೂರುವ ಮೌಂಟ್‌ಗೂ 4. ಇವೆರಡಕ್ಕಿಂತ ಹೆಚ್ಚಿನ ಅಂಕ ಯಾವ ಸ್ಥಿತಿಗೂ ಇಲ್ಲ. ಕೆಳಗಿನವನು ಕಾಲುಗಳಿಂದ ತಡೆಯುವ ಗಾರ್ಡ್ ದಾಟಿದರೆ 3, ನಿಂತವನನ್ನು ಕೆಡವಿದರೆ ಬರೀ 2. ಏನು ಎಷ್ಟು ಅಪಾಯವೆಂದು ಈ ಅಂಕಗಳೇ ಹೇಳುತ್ತವೆ. ಬಿದ್ದಾಗ ಎದುರಾಳಿಯತ್ತ ಮುಖ ಮಾಡಿ, ನಿಮ್ಮ ಕಾಲುಗಳನ್ನು ಅವನಿಗೂ ನಿಮಗೂ ನಡುವೆ ತನ್ನಿ. ಅಂಗಾತ ಮಲಗುವುದೆಂದರೆ ಸೋಲು ಎಂದು ನಿಮಗೆ ಅನಿಸುತ್ತಿರಬಹುದು. ಇಲ್ಲಿ ಅದು ಆಡುವ ಜಾಗ.

ಇನ್ನೊಬ್ಬ ಸದಸ್ಯರ ಪ್ರಶ್ನೆ:

ಮೇಡಂ, ಬೇಸರಿಸಬೇಡಿ. ನಾನು ಬಾಕ್ಸಿಂಗ್ ಮಾಡುವವನು. ಇವರೆಲ್ಲ ನೆಲದ ಮೇಲೆ ಕುಳಿತು ಕಾಲು ಚಾಚಿ ಕರೆಯುವುದನ್ನು ನೋಡಿದರೆ ನಗು ಬರುತ್ತದೆ. ನಿಜವಾದ ಹೊಡೆದಾಟದಲ್ಲಿ ಒಂದು ಗುದ್ದಿಗೆ ಮುಗಿಯುವುದಿಲ್ಲವೇ?

ಕೋಚ್:

ಬೇಸರವೇನಿಲ್ಲ, ಈ ಪ್ರಶ್ನೆಗೆ ವಯಸ್ಸಾಗಿದೆ. ಜಪಾನಿನಲ್ಲಿ ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಸ್ಥಾಪಿಸಿ ಕಲಿಸಿದ ಜೂಡೋವನ್ನು ಮಿತ್ಸುಯೊ ಮಾಯೆದಾ ಬ್ರೆಜಿಲ್‌ಗೆ ಒಯ್ದರು. ಅವರಿಂದ ಕಲಿತ ಕಾರ್ಲೊಸ್ ಗ್ರೇಸಿ ಮತ್ತು ಅವರ ತಮ್ಮ ಹೆಲಿಯೊ ಇದನ್ನೇ ನೆಲದ ಕಾಳಗವಾಗಿ ಬೆಳೆಸಿದರು, ಬೇರೆ ಬೇರೆ ಕಲೆಯವರನ್ನು ಸವಾಲಿಗೂ ಕರೆದರು. 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ನಡೆದ, ಬೇರೆ ಬೇರೆ ಕಲೆಯವರು ಸೆಣಸುವ ಯುಎಫ್‌ಸಿ ಪಂದ್ಯಾವಳಿಯ ಮೊದಲ ಆವೃತ್ತಿಯಲ್ಲಿ ಹೆಲಿಯೊ ಅವರ ಮಗ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಮೊದಲ ಎದುರಾಳಿ ನಿಮ್ಮವರೇ, ಬಾಕ್ಸರ್ ಆರ್ಟ್ ಜಿಮ್ಮರ್ಸನ್. ಒಂದೇ ಕೈಗೆ ಗ್ಲೌಸ್ ತೊಟ್ಟು ಬಂದಿದ್ದರು. ನೆಲಕ್ಕೆ ಬಿದ್ದು, ಮೇಲೆ ಕುಳಿತವನನ್ನು ಇಳಿಸಲಾಗದೆ ಟ್ಯಾಪ್ ಮಾಡಿದರು.

ಆದರೆ ಆ ಕಥೆಯನ್ನು ಇವತ್ತಿಗೂ ಎದೆತಟ್ಟಿಕೊಂಡು ಹೇಳುವ ಜಿಯು-ಜಿತ್ಸುವಿನವರನ್ನು ಕಂಡರೆ ನನಗೂ ಆಗುವುದಿಲ್ಲ. ಅಂದು ಎದುರಿಗಿದ್ದವರಲ್ಲಿ ಹೆಚ್ಚಿನವರಿಗೆ ನೆಲದ ಆಟವೇನೆಂದು ಗೊತ್ತಿರಲಿಲ್ಲ, ಈಗ ಗೊತ್ತು. ಗುದ್ದು ನಿಷಿದ್ಧವಾದ ಆಟದಲ್ಲಿ ಮುಖ ಕಾಯುವುದನ್ನು ನಮ್ಮವರು ಮರೆತಿದ್ದಾರೆ ಎಂಬುದೂ ನಿಜ. ಒಂದು ವಿನಂತಿ ಮಾತ್ರ: ತರಗತಿಗೆ ಬಂದರೆ ಪ್ರತಿ ಸಲ ಸಿಕ್ಕಿಬಿದ್ದಾಗ “ಇಲ್ಲಿ ನಾನು ಗುದ್ದುತ್ತಿದ್ದೆ” ಎನ್ನಬೇಡಿ. ಮೇಲೆ ಕುಳಿತವನೂ ಗುದ್ದಬಲ್ಲ. ಅವನ ಗುದ್ದು ಮೇಲಿನಿಂದ ಬರುತ್ತದೆ, ನಿಮ್ಮ ತಲೆಯ ಕೆಳಗೆ ನೆಲವಿರುತ್ತದೆ.

ಮೊದಲ ಪ್ರಶ್ನೆ ಕೇಳಿದವರು:

ಚಿಕ್ಕ ಪ್ರಶ್ನೆಗಳು. ನನ್ನ ಕರಾಟೆ ಉಡುಪನ್ನೇ ಹಾಕಿಕೊಳ್ಳಬಹುದೇ? ಬೆಲ್ಟ್ ಯಾವುದು ಕಟ್ಟಲಿ?

ಕೋಚ್:

ಬೇಡ. ಕರಾಟೆಯ ಬಟ್ಟೆ ತೆಳು. ಕಾಲರ್, ತೋಳು ಹಿಡಿದು ಜಗ್ಗಿದರೆ ಬೇಗ ಹರಿಯುತ್ತದೆ. ಜೂಡೋ ಉಡುಪಿದ್ದರೆ ಅಭ್ಯಾಸಕ್ಕೆ ಸಾಕು. ಈ ಉಡುಪಿಲ್ಲದೆ ಆಡುವ ನೋ-ಗಿ ತರಗತಿಯಾದರೆ ಮೈಗಂಟುವ ಅಂಗಿ, ಜೇಬಿಲ್ಲದ ಚಡ್ಡಿ. ಬೆಲ್ಟ್ ಬಿಳಿಯದು. ನಿಮ್ಮ ಕಪ್ಪು ಬೆಲ್ಟನ್ನು ಯಾರೂ ಕಸಿದುಕೊಂಡಿಲ್ಲ, ಅದು ಬೇರೆ ಲೆಕ್ಕ. ಇಲ್ಲಿ ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಎಂಬ ಕ್ರಮ. ಅಂತರರಾಷ್ಟ್ರೀಯ ಒಕ್ಕೂಟವಾದ ಐಬಿಜೆಜೆಎಫ್ ನಿಯಮದಲ್ಲಿ ವಯಸ್ಕರು ಸಾಮಾನ್ಯವಾಗಿ ನೀಲಿಯಲ್ಲಿ ಕನಿಷ್ಠ 2 ವರ್ಷ, ನೇರಳೆಯಲ್ಲಿ ಒಂದೂವರೆ, ಕಂದಿನಲ್ಲಿ 1 ವರ್ಷ ಇರಬೇಕು. ಹೆಚ್ಚಿನವರಿಗೆ ಕಪ್ಪಿಗೆ ಹತ್ತು ವರ್ಷದ ಆಸುಪಾಸು ಹಿಡಿಯುತ್ತದೆ. ಜೊತೆಯವರಿಗೆ ಮಾತ್ರ ನಿಮ್ಮ ಹಿನ್ನೆಲೆ ಮೊದಲೇ ಹೇಳಿ. ಮುಚ್ಚಿಟ್ಟು, ಗಾಬರಿಯಲ್ಲಿ ಮೊಣಕೈ ಬೀಸಿ ಯಾರದೋ ತುಟಿ ಒಡೆದ ಮೇಲೆ ಹೇಳುವುದು ಚೆನ್ನಾಗಿರುವುದಿಲ್ಲ.

ಮತ್ತೊಬ್ಬ ಸದಸ್ಯೆಯ ಪ್ರಶ್ನೆ:

ಮೇಡಂ, ನನಗೆ 41, ಹಿಂದೆ ಟೇಕ್ವಾಂಡೋ ಆಡುತ್ತಿದ್ದೆ. ಬಲ ಮೊಣಕಾಲಿಗೆ ಹಳೆಯ ಪೆಟ್ಟಿದೆ. ತರಗತಿಯಲ್ಲಿ ಹೆಂಗಸರು ಇಬ್ಬರೇ. ಗಂಡಸರ ಜೊತೆ ರೋಲಿಂಗ್, ಅಂದರೆ ಅಭ್ಯಾಸದ ಸೆಣಸಾಟ, ಮಾಡಲು ಧೈರ್ಯ ಸಾಲುತ್ತಿಲ್ಲ.

ಕೋಚ್:

ಮೊಣಕಾಲನ್ನು ಮೊದಲು ವೈದ್ಯರಿಗೆ ತೋರಿಸಿ, ತಿರುಚುವ ಒತ್ತಡ ಬೀಳುತ್ತದೆ ಎಂದು ಸ್ಪಷ್ಟವಾಗಿ ತಿಳಿಸಿ. ಓಡಲು ಆಗುವ ಮೊಣಕಾಲೆಲ್ಲ ತಿರುಚನ್ನು ತಡೆಯುತ್ತದೆ ಎಂದಿಲ್ಲ. ಮ್ಯಾಟಿನ ಮೇಲೆ ಪ್ರತಿ ಜೊತೆಗಾರರಿಗೂ ಆಟಕ್ಕೆ ಮೊದಲು “ಬಲ ಮೊಣಕಾಲು ಸರಿಯಿಲ್ಲ” ಎನ್ನಿ. ಹೇಳಲು ಸಂಕೋಚವಾದರೆ ಆ ಜೊತೆಗಾರರೇ ಬೇಡ. ಹೀಲ್ ಹುಕ್ ಎಂಬ ಹಿಮ್ಮಡಿ ತಿರುಚುವ ಪಟ್ಟು ಯಾರಾದರೂ ಹಿಡಿದರೆ ನೋವಿಗಾಗಿ ಕಾಯಬೇಡಿ, ಅದರಲ್ಲಿ ನೋವು ಗೊತ್ತಾಗುವ ಹೊತ್ತಿಗೆ ಮೊಣಕಾಲಿನ ಅಸ್ಥಿರಜ್ಜು ಹರಿದಿರಬಹುದು. ಬಿಳಿ ಬೆಲ್ಟಿನವರ ಮೇಲೆ ಅದನ್ನು ಹಾಕುವುದೇ ತಪ್ಪು.

ಗಂಡಸರ ಜೊತೆ ಆಡುವ ಬಗ್ಗೆ: ಆಯ್ಕೆ ನಿಮ್ಮದು. ಬೇಡವೆನಿಸಿದರೆ “ಈ ಸುತ್ತು ಬೇಡ” ಎಂದರೆ ಸಾಕು, ಕಾರಣ ಕೊಡಬೇಕಿಲ್ಲ. ನನ್ನ ಅನುಭವದಲ್ಲಿ ಅಪಾಯ ಹೆಚ್ಚು ಇರುವುದು ಮೂರು ತಿಂಗಳ ಬಿಳಿ ಬೆಲ್ಟಿನ ಬಲಶಾಲಿ ಯುವಕನಿಂದ, ಏಕೆಂದರೆ ತನ್ನ ಮೈ ಎಲ್ಲಿ ಬೀಳುತ್ತದೆಂದು ಅವನಿಗೇ ಗೊತ್ತಿರುವುದಿಲ್ಲ. ನೇರಳೆ, ಕಂದು ಬೆಲ್ಟಿನವರನ್ನು ಕೇಳಿಕೊಳ್ಳಿ. ಅವರು ತಮ್ಮ ಭಾರವನ್ನು ಅಳೆದು ಇಡಬಲ್ಲರು. ಒದೆಯುವವರಿಗೆ ಸೊಂಟದ ಕೀಲು ಚೆನ್ನಾಗಿ ತೆರೆಯುತ್ತದೆ, ಕಾಲುಗಳಿಂದ ಎದುರಾಳಿಯನ್ನು ತಡೆಯುವ ಗಾರ್ಡ್ ಆಟ ನಿಮಗೆ ಬೇಗ ಹತ್ತುತ್ತದೆ. ಹಾಗೆಯೇ ಒಂದು ಕಾಲು ಎದುರಾಳಿಯ ಕೈಗೆ ಸಿಕ್ಕಾಗ ಕುಂಟುತ್ತ ನಿಲ್ಲುವುದೂ. ಬೇರೆ ಹೊಸಬರು ಅಲ್ಲೇ ಬೀಳುತ್ತಾರೆ.

ಉಗುರು ಕತ್ತರಿಸಿ, ಅಭ್ಯಾಸ ಮುಗಿದ ಕೂಡಲೇ ಸ್ನಾನ ಮಾಡಿ, ಬಟ್ಟೆಯನ್ನು ಪ್ರತಿ ಸಲ ಒಗೆಯಿರಿ. ಹುಳುಕಡ್ಡಿ ಈ ಆಟದ ಬಿಟ್ಟಿ ಉಡುಗೊರೆ. ಚರ್ಮದ ಮೇಲೆ ಉಂಗುರದಂಥ ಕಲೆ ಕಂಡರೆ ವಾಸಿಯಾಗುವವರೆಗೆ ಮ್ಯಾಟಿಗೆ ಬರಬೇಡಿ.

ಬಾಕ್ಸಿಂಗ್ ಸದಸ್ಯರು:

ಟ್ಯಾಪ್ ಮಾಡುವುದೇ ನನಗೆ ಕಷ್ಟವೆನಿಸುತ್ತದೆ. ಪೆಟ್ಟು ತಿಂದರೂ ನಿಲ್ಲಬೇಕೆಂದು ಕಲಿತವರು ನಾವು.

ಕೋಚ್:

ಗುದ್ದು ತಿಂದು ನಿಲ್ಲುವುದಕ್ಕೂ ಕೀಲು ಮುರಿಸಿಕೊಳ್ಳುವುದಕ್ಕೂ ಸಂಬಂಧವಿಲ್ಲ. 1951ರಲ್ಲಿ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೋ ಪಟು ಮಾಸಾಹಿಕೊ ಕಿಮುರಾ, ಹೆಲಿಯೊ ಗ್ರೇಸಿಯವರ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿ ಹಿಡಿದರು. ಹೆಲಿಯೊ ಟ್ಯಾಪ್ ಮಾಡಲಿಲ್ಲ. ಅವರ ಕಡೆಯವರೇ ಪಂದ್ಯ ನಿಲ್ಲಿಸಬೇಕಾಯಿತು. ಆ ಪಟ್ಟಿಗೆ ಜಿಯು-ಜಿತ್ಸುವಿನವರು ಗೆದ್ದವರ ಹೆಸರನ್ನೇ ಇಟ್ಟು ಇಂದಿಗೂ ಕಿಮುರಾ ಎನ್ನುತ್ತಾರೆ. ಅದು ಸವಾಲಿನ ಪಂದ್ಯ. ನಿಮ್ಮದು ಬುಧವಾರದ ತರಗತಿ. ಮರುದಿನ ಆ ಕೈಯಲ್ಲೇ ನೀವು ಜ್ಯಾಬ್ ಹೊಡೆಯಬೇಕು. ಕುತ್ತಿಗೆಯ ಎರಡೂ ಬದಿಯ ರಕ್ತನಾಳ ಸರಿಯಾಗಿ ಒತ್ತಿದರೆ ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ, ಅಲ್ಲಿ ಗಟ್ಟಿತನಕ್ಕೆ ಕೆಲಸವೇ ಇಲ್ಲ. ಎದುರಾಳಿಯ ಮೈಗೆ ಎರಡು ಸಲ ತಟ್ಟಿ, ಕೈ ಸಿಕ್ಕಿಕೊಂಡಿದ್ದರೆ ಬಾಯಿಯಲ್ಲಿ ಕೂಗಿ.

ಮೊದಲ ಪ್ರಶ್ನೆ ಕೇಳಿದವರು:

ಸ್ಪರ್ಧೆಗೆ ಇಳಿಯುವ ಆಸೆ ಇದೆ. ಮತ್ತೆ, ಎರಡನ್ನೂ ಮಾಡಿದರೆ ನನ್ನ ಒದೆತ ಹಾಳಾಗುತ್ತದೆಯೇ?

ಕೋಚ್:

ಆರೇಳು ತಿಂಗಳ ಬಳಿಕ ಇಳಿಯಿರಿ. ವಯಸ್ಕ ವಿಭಾಗದಲ್ಲಿ ಬಿಳಿ ಬೆಲ್ಟಿನ ಪಂದ್ಯ 5 ನಿಮಿಷ. ನಿಮ್ಮ ವಯಸ್ಸಿನವರಿಗೆ ಮಾಸ್ಟರ್ಸ್ ವಿಭಾಗವೂ ಇದೆ. ಕರಾಟೆಯವರಿಗೆ ಒಂದು ವಿಶೇಷ ಎಚ್ಚರಿಕೆ: ಹಾರಿ ಎರಡು ಕಾಲುಗಳ ನಡುವೆ ಎದುರಾಳಿಯ ಕಾಲನ್ನು ಕತ್ತರಿಯಂತೆ ಸಿಕ್ಕಿಸಿ ಕೆಡವುವ ಕಾನಿ ಬಸಾಮಿ ನಿಮಗೆ ಗೊತ್ತಿರಬಹುದು. ಇಲ್ಲಿ ಅದು ನಿಷಿದ್ಧ, ಜೂಡೋ ಸ್ಪರ್ಧೆಯಲ್ಲೂ ನಿಷಿದ್ಧ. ಕಾಲು ಮುರಿಯುತ್ತದೆ. ಎತ್ತಿ ನೆಲಕ್ಕೆ ಅಪ್ಪಳಿಸುವಂತೆಯೂ ಇಲ್ಲ. ನಿಂತಾಗ ಅಡ್ಡಮೈ ಮಾಡಿ ಮುಂಗಾಲು ಚಾಚುವ ನಿಮ್ಮ ನಿಲುವನ್ನೂ ಬದಲಿಸಿ. ಆ ಮುಂಗಾಲನ್ನೇ ಎತ್ತಿಕೊಂಡು ಹೋಗುತ್ತಾರೆ. ಎದೆ ಎದುರಿಗೆ, ಮೊಣಕಾಲು ಬಾಗಿರಲಿ, ಸೊಂಟ ತಗ್ಗಲಿ.

ಒದೆತ ಹಾಳಾಗುವುದಿಲ್ಲ, ಆದರೆ ಹಿಡಿತದಿಂದ ದಣಿದ ಮುಂಗೈ, ಭುಜಗಳಲ್ಲಿ ಗುದ್ದು ನಿಧಾನವಾಗುತ್ತದೆ. ಎರಡೂ ಒಂದೇ ದಿನ ಬಂದರೆ ಕಿಕ್‌ಬಾಕ್ಸಿಂಗ್ ಮೊದಲು ಮುಗಿಸಿ.

ಮೊದಲ ಪ್ರಶ್ನೆ ಕೇಳಿದವರು, ಐದು ವಾರದ ಬಳಿಕ:

ಮೇಡಂ, ಉಸಿರಿನ ವಿಷಯ ಸುಧಾರಿಸಿದೆ. ಅದೇ ಹುಡುಗ ಈಗಲೂ ಮೂರು ಸಲವಾದರೂ ಟ್ಯಾಪ್ ಮಾಡಿಸುತ್ತಾನೆ. ತಲೆಗೆ ಎಲ್ಲ ಗೊತ್ತಿದೆ. ಅವನು ಮೌಂಟ್‌ಗೆ ಬಂದ ಕೂಡಲೇ ಕೈ ತಾನಾಗಿಯೇ ಅವನ ಎದೆಗೆ ಹೋಗುತ್ತದೆ.

ಕೋಚ್:

ಐದು ವಾರದಲ್ಲಿ ಕೈ ಮಾತು ಕೇಳುವುದಿಲ್ಲ, ನನ್ನದು ಕೇಳಲು ನಾಲ್ಕು ತಿಂಗಳಾಯಿತು. ಒಂದು ಕೆಲಸ ಮಾಡಿ. ತರಗತಿ ಮುಗಿದ ಮೇಲೆ ಆ ಹುಡುಗನನ್ನೇ 3 ನಿಮಿಷ ಕೇಳಿಕೊಳ್ಳಿ. ಅವನು ಮೌಂಟ್‌ನಿಂದಲೇ ಶುರು ಮಾಡಲಿ. ನೀವು ಎರಡೂ ಕೈಯಲ್ಲಿ ನಿಮ್ಮದೇ ಕಾಲರ್ ಹಿಡಿದುಕೊಳ್ಳಿ, ಮೊಣಕೈ ಪಕ್ಕೆಲುಬಿಗೆ ಅಂಟಿರಲಿ, ಏನಾದರೂ ಕೈ ಬಿಡಬೇಡಿ. ಬರೀ ಬ್ರಿಡ್ಜ್ ಮತ್ತು ಸೊಂಟದಿಂದ ಹೊರಬರಲು ನೋಡಿ. ಮೊದಲ ದಿನ ಒಂದು ಸಲವೂ ಆಗುವುದಿಲ್ಲ. ಬ್ರಿಡ್ಜ್ ಮಾಡಿದಾಗ ಅವನ ಒಂದು ಮೊಣಕಾಲು ಬೆರಳಗಲ ಮೇಲೇಳುತ್ತದಲ್ಲ, ಅದು ಯಾವ ಮೊಣಕಾಲು ಎಂದು ಗಮನಿಸಿ ಇಲ್ಲಿ ಬರೆಯಿರಿ. ಮುಂದಿನದನ್ನು ಅಲ್ಲಿಂದ ಹೇಳುತ್ತೇನೆ.