ಒಂದೇ ಬೇಸ್ ಮೆಶ್ ಅಂದ ಮಾತ್ರಕ್ಕೆ ಬಟ್ಟೆ, ಚರ್ಮ, ಪೋಸ್ ಎಲ್ಲ ಹೊಂದುತ್ತದಾ? ಅನುಭವ ಇದ್ದವರು ಹೇಳಿ

ಕೇಳಿದ್ದು

ನಮಸ್ಕಾರ. ಒಂದು ಮನೆಯ ಕತೆ ಇಟ್ಟುಕೊಂಡು ಸಣ್ಣ ಆನಿಮೇಶನ್ ಮಾಡುತ್ತಿದ್ದೇನೆ. ಅಜ್ಜಿ, ಮಗಳು, ಅಳಿಯ, ಮೊಮ್ಮಗ, ನಾಲ್ಕೇ ಪಾತ್ರ. ಡಾಜ್ ಸ್ಟುಡಿಯೋ ಎಂಬ 3ಡಿ ತಂತ್ರಾಂಶದಲ್ಲಿ ಪಾತ್ರ ತಯಾರಿಸಿ, ಬ್ಲೆಂಡರ್ ಎಂಬ ಇನ್ನೊಂದು 3ಡಿ ತಂತ್ರಾಂಶಕ್ಕೆ ತರುತ್ತೇನೆ. ಡಾಜ್‌ನ ಸಿದ್ಧ ಮನುಷ್ಯ ಮಾದರಿಗಳಾದ (ಫಿಗರ್) ಜೆನೆಸಿಸ್ 3 ಮತ್ತು 8ಕ್ಕೆ ಅಂತ ಕೊಂಡ ಬಟ್ಟೆ, ಚರ್ಮದ ಟೆಕ್ಸ್ಚರ್ (ಮೇಲ್ಮೈಗೆ ಹಾಕುವ ಚಿತ್ರ), ಪೋಸ್‌ಗಳು ಬೇಕಾದಷ್ಟಿವೆ. ಈಗ ಗೆಳೆಯರು ಜೆನೆಸಿಸ್ 9ಕ್ಕೆ ಹೋಗು, ಅಲ್ಲಿ ಗಂಡು ಹೆಣ್ಣು ಎಲ್ಲರಿಗೂ ಒಂದೇ ಮೆಶ್ (ಮೈಯ ಆಕಾರ ಕಟ್ಟುವ ಬಲೆ), ಎಲ್ಲ ಎಲ್ಲದಕ್ಕೂ ಹೊಂದುತ್ತದೆ ಅನ್ನುತ್ತಿದ್ದಾರೆ. ಹಳೆಯ ಸಾಮಾನೆಲ್ಲ ದಂಡ ಆಗುತ್ತದಾ? ಅಜ್ಜಿಗೆ ಸೀರೆ ಉಡಿಸಲೇಬೇಕು, ಅದೂ ಒಂದು ಚಿಂತೆ.

ಉತ್ತರ 1: ಡಾಜ್ ಫಿಗರ್‌ಗಳಲ್ಲಿ ಬಹಳ ಕಾಲದಿಂದ ಕೆಲಸ ಮಾಡುತ್ತಿರುವವರು

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. "ಹೊಂದುತ್ತದೆ" ಅನ್ನುವುದು ಒಂದೇ ಪ್ರಶ್ನೆ ಅಲ್ಲ. ಮಾರ್ಫ್‌ಗೆ, ಅಂದರೆ ಸ್ಲೈಡರ್ ಎಳೆದು ಆಕಾರ ಬದಲಿಸುವುದಕ್ಕೆ, ಬೇಕಾದದ್ದು ವರ್ಟೆಕ್ಸ್‌ಗಳ (ಮೆಶ್‌ನ ಬಿಂದುಗಳ) ಸಂಖ್ಯೆ ಮತ್ತು ಅವುಗಳ ಸರದಿ. ಚರ್ಮಕ್ಕೆ ಬೇಕಾದದ್ದು ಯುವಿ, ಅಂದರೆ ಚಿತ್ರದ ಯಾವ ಭಾಗ ಮೈಯ ಎಲ್ಲಿ ಕೂರಬೇಕು ಅನ್ನುವ ನಕ್ಷೆ. ಪೋಸ್‌ಗೆ ಬೇಕಾದದ್ದು ಮೂಳೆಗಳ ಹೆಸರು, ಜೊತೆಗೆ ಫಿಗರ್ ಮೊದಲು ಹೇಗೆ ನಿಂತಿತ್ತು ಅನ್ನುವುದು. ಬಟ್ಟೆಗೆ ಮೈಯ ಆಕಾರವೂ ಬೇಕು, ಮೂಳೆಯ ವೇಟ್‌ಗಳೂ (ಯಾವ ಮೂಳೆ ಎಷ್ಟು ಎಳೆಯುತ್ತದೆ ಅನ್ನುವ ಲೆಕ್ಕ) ಬೇಕು. ಇದರಲ್ಲಿ ಒಂದು ಹೊಂದಿ ಇನ್ನೊಂದು ಹೊಂದದೆ ಇರುವುದು ದಿನಾ ಕಾಣುವ ವಿಷಯ.

ಡಾಜ್‌ನವರ ಇತಿಹಾಸವೇ ಇದಕ್ಕೆ ಸಾಕ್ಷಿ. ವಿಕ್ಟೋರಿಯಾ 3, ಮೈಕಲ್ 3 ಎಂಬ ಹಳೆಯ ಫಿಗರ್‌ಗಳ ಕಾಲದಲ್ಲೇ ಒಂದೇ ಮೆಶ್‌ನಿಂದ ಹಲವು ಪಾತ್ರ ಮಾಡುತ್ತಿದ್ದರು. ಅದನ್ನು ಯೂನಿಮೆಶ್ ಅನ್ನುತ್ತಿದ್ದೆವು. 2011ರಲ್ಲಿ ಜೆನೆಸಿಸ್ ಬಂದಾಗ ಗಂಡು, ಹೆಣ್ಣು, ಮಗು ಎಲ್ಲಕ್ಕೂ ಒಂದೇ ಫಿಗರ್. 2013ರ ಜೆನೆಸಿಸ್ 2ರಲ್ಲಿ ಗಂಡು ಹೆಣ್ಣು ಬೇರೆಯಾದವು. 2015ರ ಜೆನೆಸಿಸ್ 3, 2017ರ ಜೆನೆಸಿಸ್ 8 ಅದೇ ದಾರಿಯಲ್ಲಿ ನಡೆದವು. 2022ರ ಜೆನೆಸಿಸ್ 9ರಲ್ಲಿ ಮತ್ತೆ ಒಂದೇ ಆಯಿತು. ಹಾಗಾಗಿ ನಿಮ್ಮ ಗೆಳೆಯರು ಹೇಳಿದ್ದು ಜೆನೆಸಿಸ್ 9ರ ಒಳಗೆ ಮಾತ್ರ ನಿಜ. ಹಿಂದಿನ ತಲೆಮಾರಿನಿಂದ ಅದಕ್ಕೆ ಸೇತುವೆ ತಾನಾಗಿ ಬರುವುದಿಲ್ಲ.

ನಿಮ್ಮ ಸಾಮಾನಿನ ವಿಷಯಕ್ಕೆ ಬರೋಣ. ವಿಕ್ಟೋರಿಯಾ 8, ಐಕೋ 8 ಬೇರೆ ಬೇರೆ ಫಿಗರ್ ಅಲ್ಲ. ಎರಡೂ ಜೆನೆಸಿಸ್ 8 ಫೀಮೇಲ್ ಮೇಲೆ ಹಾಕಿದ ಮಾರ್ಫ್‌ಗಳು. ಒಬ್ಬಳ ಬಟ್ಟೆ ಇನ್ನೊಬ್ಬಳಿಗೆ, ಒಬ್ಬಳ ಚರ್ಮ ಇನ್ನೊಬ್ಬಳಿಗೆ ಧಾರಾಳವಾಗಿ ಬರುತ್ತದೆ. ಆದರೆ ಜೆನೆಸಿಸ್ 8 ಮೇಲ್ ಬೇರೆಯೇ ಮೆಶ್. ಅಳಿಯನಿಗೆ ಅಂತ ಕೊಂಡ ಮುಖದ ಮಾರ್ಫ್ ಮಗಳ ಫಿಗರ್‌ನಲ್ಲಿ ಕಾಣಿಸುವುದೇ ಇಲ್ಲ.

ಜೆನೆಸಿಸ್ 3 ಫೀಮೇಲ್‌ನ ಚರ್ಮ ಜೆನೆಸಿಸ್ 8 ಫೀಮೇಲ್‌ಗೆ ಹಾಗೇ ಕೂರುತ್ತದೆ, ಏಕೆಂದರೆ ಮೈಯ ಯುವಿ ಒಂದೇ. ರೆಪ್ಪೆಗೂದಲಿನ ವಿಷಯ ಮಾತ್ರ ಬೇರೆ. ಪೋಸ್ ಹಾಗಲ್ಲ. ಜೆನೆಸಿಸ್ 3 ಕೈ ಚಾಚಿ ಟಿ ಭಂಗಿಯಲ್ಲಿ ನಿಲ್ಲುತ್ತದೆ, ಜೆನೆಸಿಸ್ 8 ಕೈ ಇಳಿಸಿ ಎ ಭಂಗಿಯಲ್ಲಿ. ಹಳೆಯ ಪೋಸ್ ನೇರ ಹಾಕಿದರೆ ಕೈಗಳು ಪಕ್ಕೆಯೊಳಗೆ ತೂರಿಕೊಳ್ಳುತ್ತವೆ. ಪೋಸ್ ಬದಲಿಸಿಕೊಡುವ ಸ್ಕ್ರಿಪ್ಟ್ ಬೇಕೇ ಬೇಕು.

ಜೆನೆಸಿಸ್ 8.1 ಇನ್ನೂ ಸ್ವಾರಸ್ಯದ್ದು. ಮೆಶ್ 8ರದ್ದೇ, ಮೈಯ ಆಕಾರದ ಮಾರ್ಫ್, ಬಟ್ಟೆ ಎಲ್ಲ ಸಲೀಸು. ಆದರೆ ಮೆಟೀರಿಯಲ್ ವಿಭಾಗಗಳ (ಬಣ್ಣ, ಚಿತ್ರ ಹಾಕಲು ಮೈಯನ್ನು ಹಂಚಿದ ಭಾಗಗಳ) ಹೆಸರು ಬದಲಾಯಿತು. ಮುಖ, ತುಟಿ, ಕಿವಿ ಅಂತ ಬೇರೆ ಇದ್ದವು ಹೆಡ್ ಎಂಬ ಒಂದೇ ವಿಭಾಗಕ್ಕೆ ಸೇರಿದವು. ಟಾರ್ಸೋ ಹೋಗಿ ಬಾಡಿ ಬಂತು. 8ರ ಚರ್ಮದ ಪ್ರೀಸೆಟ್ ಒತ್ತಿದರೆ ಕೈಕಾಲಿಗೆ ಬಣ್ಣ ಬಂದು ಮುಖ, ಎದೆ ಹಳೆಯದೇ ಉಳಿಯುತ್ತದೆ. ಚಿತ್ರಗಳನ್ನು ಕೈಯಾರೆ ಆಯಾ ಜಾಗಕ್ಕೆ ಹಾಕಿದರೆ ಸರಿಹೋಗುತ್ತದೆ.

ಜೆನೆಸಿಸ್ 9ರಲ್ಲಿ ವರ್ಟೆಕ್ಸ್ ಸಂಖ್ಯೆಯೇ ಬೇರೆ. ಜೆನೆಸಿಸ್ 8 ಫೀಮೇಲ್‌ನಲ್ಲಿ ಸುಮಾರು 16,500, ಇದರಲ್ಲಿ ಸುಮಾರು 25,000. ಕಣ್ಣು, ಬಾಯಿಯ ಒಳಭಾಗ ಪ್ರತ್ಯೇಕ ಫಿಗರ್‌ಗಳು. 8ರಲ್ಲಿ ತೋಳಿನ ಮೇಲ್ಭಾಗದ ಮೂಳೆ ಬೆಂಡ್, ಟ್ವಿಸ್ಟ್ ಅಂತ ಎರಡು ತುಂಡಾಗಿತ್ತು. 9ರಲ್ಲಿ ಆ ರಚನೆಯೂ ಹೆಸರುಗಳೂ ಬದಲಾಗಿವೆ. ಬಟ್ಟೆ ಮಾತ್ರ ಆಟೋಫಿಟ್‌ನಿಂದ (ಬಟ್ಟೆಯನ್ನು ಬೇರೆ ಫಿಗರ್‌ಗೆ ತಾನೇ ಹೊಂದಿಸುವ ಡಾಜ್ ಸೌಲಭ್ಯದಿಂದ) ಬಹುಮಟ್ಟಿಗೆ ಬರುತ್ತದೆ. ಅಂಗಿ, ಪ್ಯಾಂಟ್, ಬನಿಯನ್ ಚೆನ್ನಾಗಿ ಬರುತ್ತವೆ. ಚಪ್ಪಲಿ, ಬೂಟಿನ ಅಟ್ಟೆ ಸೊಟ್ಟಗಾಗುತ್ತದೆ.

ನಿಮ್ಮ ಹತ್ತಿರ ಇಷ್ಟೊಂದು 8ರ ಸಾಮಾನು ಇರುವಾಗ ಈ ಸಿನಿಮಾವನ್ನು 8ರಲ್ಲೇ ಮುಗಿಸಿ ಅಂತಲೇ ಹೇಳುತ್ತೇನೆ. ನಡುವೆ ತಲೆಮಾರು ಬದಲಿಸಿದರೆ ನಾಲ್ಕು ಪಾತ್ರಕ್ಕೂ ಎಲ್ಲ ಮೊದಲಿನಿಂದ.

ಉತ್ತರ 2: ಬ್ಲೆಂಡರ್‌ನಲ್ಲಿ ಮುಖದ ಮಾರ್ಫ್ ಕೆತ್ತುವವರು

ಮೇಲೆ ಸರದಿ ಅಂದರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾರ್ಫ್ ಎಂದರೆ ಒಳಗೆ ಬರೀ ಪಟ್ಟಿ. ಇಂಥ ನಂಬರಿನ ವರ್ಟೆಕ್ಸ್ ಇಷ್ಟು ದೂರ ಸರಿಯಲಿ, ಅಷ್ಟೇ. ಅದಕ್ಕೆ ಮೂಗು ಯಾವುದು, ಗಲ್ಲ ಯಾವುದು ಗೊತ್ತಿಲ್ಲ. ಸಂಖ್ಯೆ ಬೇರೆಯಾದರೆ ಬ್ಲೆಂಡರ್ ಶೇಪ್ ಆಗಿ ಸೇರಿಸಲು ಒಪ್ಪುವುದೇ ಇಲ್ಲ, ವರ್ಟೆಕ್ಸ್ ಸಂಖ್ಯೆ ಸಮ ಇರಬೇಕು ಅಂತ ತಿಳಿಸುತ್ತದೆ. ಅದು ಒಳ್ಳೆಯದೇ. ಕಷ್ಟ ಬರುವುದು ಸಂಖ್ಯೆ ಸಮ ಇದ್ದು ಸರದಿ ಬದಲಾದಾಗ. ಸ್ಲೈಡರ್ ಎಳೆದ ತಕ್ಷಣ ಮುಖ ಮುಳ್ಳುಮುಳ್ಳಾಗಿ ಚಿಂದಿಯಾಗುತ್ತದೆ.

ಇದನ್ನು ತಪ್ಪಿಸಲು ನಾನು ಯಾವಾಗಲೂ ಮಾಡುವುದು ಇಷ್ಟು. ಡಾಜ್‌ನಿಂದ ಕಳಿಸುವಾಗ ಫಿಗರ್‌ನ ರೆಸಲ್ಯೂಶನ್ ಬೇಸ್‌ಗೆ ಇಳಿಸುತ್ತೇನೆ. ಹೈ ರೆಸಲ್ಯೂಶನ್‌ನಲ್ಲಿ ಬಿಟ್ಟರೆ ಸಬ್‌ಡಿವಿಷನ್ (ಮೆಶ್ ಇನ್ನೂ ಸಣ್ಣದಾಗಿ ಒಡೆಯುವುದು) ಸೇರಿ ವರ್ಟೆಕ್ಸ್‌ಗಳ ಸಂಖ್ಯೆ ಸುಮಾರು ನಾಲ್ಕು ಪಟ್ಟಾಗುತ್ತದೆ, ಅಲ್ಲಿಗೆ ಹೊಂದಾಣಿಕೆ ಮುಗಿಯಿತು. ಪೋಸ್ ಸೊನ್ನೆಗೆ ತರುತ್ತೇನೆ. ಬ್ಲೆಂಡರ್‌ನಲ್ಲಿ ಓಬಿಜೆ ಫೈಲ್ ತರುವಾಗ ಗ್ರೂಪ್ ಪ್ರಕಾರ ಒಡೆಯುವ ಆಯ್ಕೆ ತೆಗೆಯುತ್ತೇನೆ. ಹಳೆಯ ಬ್ಲೆಂಡರ್ ಆದರೆ ವರ್ಟೆಕ್ಸ್ ಸರದಿ ಉಳಿಸು ಎಂಬ ಆಯ್ಕೆಯೇ ಇದೆ. ಕೆತ್ತುವಾಗ ಬ್ರಷ್‌ನಿಂದ ಸರಿಸುವುದು ಮಾತ್ರ. ವರ್ಟೆಕ್ಸ್‌ಗಳನ್ನೇ ಬದಲಿಸುವ ರೀಮೆಶ್, ಡೈನ್‌ಟೋಪೋ, ಮರ್ಜ್, ಯಾವುದೂ ಇಲ್ಲ.

ವಾಪಸ್ ಡಾಜ್‌ಗೆ ಮಾರ್ಫ್ ಲೋಡರ್ ಪ್ರೋದಿಂದ ತಂದ ಮೇಲೆ ಇನ್ನೊಂದು ಕೆಲಸ ಇದೆ, ಬಹಳ ಜನ ಬಿಡುತ್ತಾರೆ. ಅಜ್ಜಿಯ ಬೆನ್ನು ಬಾಗಿಸಿದಿರಿ ಅಂತಿಟ್ಟುಕೊಳ್ಳಿ. ಮೈ ಬಾಗಿತು, ಮೂಳೆ ಹಳೆಯ ಜಾಗದಲ್ಲೇ ಇದೆ. ಕುತ್ತಿಗೆ ತಿರುಗಿಸಿದರೆ ತಲೆ ಗಾಳಿಯಲ್ಲಿ ಎಲ್ಲಿಂದಲೋ ತಿರುಗುತ್ತದೆ. ರಿಗ್ಗನ್ನು (ಮೂಳೆಗಳ ಚೌಕಟ್ಟನ್ನು) ಆಕಾರಕ್ಕೆ ಹೊಂದಿಸುವ ಆಜ್ಞೆ ಕೊಟ್ಟು, ಆಮೇಲೆ ಇಆರ್‌ಸಿ ಫ್ರೀಜ್ (ಆ ಹೊಂದಾಣಿಕೆಯನ್ನು ಸ್ಲೈಡರ್‌ಗೆ ಕಟ್ಟುವ ಆಜ್ಞೆ) ಮಾಡಬೇಕು. ಆಗ ಸ್ಲೈಡರ್ ಎಳೆದಾಗ ಮೂಳೆಯೂ ಜೊತೆಗೆ ಸರಿಯುತ್ತದೆ.

ಎರಡು ಪಾತ್ರಗಳನ್ನು ಅರ್ಧರ್ಧ ಬೆರೆಸುವುದು ಅಜ್ಜಿ ಮಗಳಿಗೆ ಮುಖಚಹರೆ ಹೊಂದಿಸಲು ತುಂಬ ಒಳ್ಳೆಯ ದಾರಿ. ಅಜ್ಜಿಯ ಮುಖದ ಮಾರ್ಫ್ ಮಗಳಿಗೆ ಶೇಕಡಾ 30 ಕೊಟ್ಟು ನೋಡಿ, ತಾಯಿ ಮಗಳು ಅಂತ ಕಣ್ಣಿಗೆ ಹೊಡೆಯುತ್ತದೆ. ಇದು ಒಂದೇ ಮೆಶ್‌ನ ದೊಡ್ಡ ವರ. ಬೆರೆಸಿದ ಮೇಲೆ ಕಣ್ಣು ಮುಚ್ಚಿಸಿ ನೋಡುವುದನ್ನು ಮರೆಯಬೇಡಿ. ರೆಪ್ಪೆ ಪೂರ್ತಿ ಮುಚ್ಚದೆ ಬಿಳಿ ಇಣುಕುವುದು ಮಾಮೂಲಿ. ಅಂಥ ಕಡೆ ಆ ಬೆರಕೆಗೇ ಅಂತ ಒಂದು ಸಣ್ಣ ತಿದ್ದುಪಡಿ ಮಾರ್ಫ್ ಮಾಡಿ.

ಉತ್ತರ 3: ಮೇಕ್‌ಹ್ಯೂಮನ್ ಬಳಸುವವರು

ದುಡ್ಡು ಹಾಕದೆ ಮಾಡಬೇಕು ಅಂದರೆ ಮನುಷ್ಯ ಪಾತ್ರ ತಯಾರಿಸುವ ಮೇಕ್‌ಹ್ಯೂಮನ್ ತಂತ್ರಾಂಶ ಕೂಡ ನೋಡಿ. ಉಚಿತ. ಅದರ ಜೊತೆ ಬರುವ ಸಾಮಾನಿನಿಂದ ಮಾಡಿದ ಪಾತ್ರಗಳನ್ನು ಸಿಸಿ0 (ಹಕ್ಕು ಬಿಟ್ಟುಕೊಟ್ಟ ಪರವಾನಗಿ) ಅಡಿಯಲ್ಲಿ ಹೊರಗೆ ತರಬಹುದು, ಸಿನಿಮಾಗೆ ತಕರಾರಿಲ್ಲ. ಗಂಡು ಹೆಣ್ಣು, ದಪ್ಪ ಸಣ್ಣ, 1ರಿಂದ 90 ವರ್ಷದವರೆಗಿನ ವಯಸ್ಸು, ಎಲ್ಲ ಒಂದೇ ಮೆಶ್‌ನ ಮಾರ್ಫ್. ನಿಮ್ಮ ನಾಲ್ಕು ಪಾತ್ರವೂ ಅದರಿಂದಲೇ ಹುಟ್ಟುತ್ತವೆ.

ಸೀರೆಯ ಚಿಂತೆಗೆ ಇದರಲ್ಲಿ ಒಂದು ಅನುಕೂಲ ಇದೆ. ಬೇಸ್ ಮೆಶ್‌ನ ಒಳಗೆ ಕಣ್ಣಿಗೆ ಕಾಣದ ಸಹಾಯಕ ಮೆಶ್‌ಗಳಿವೆ, ಅದರಲ್ಲಿ ಒಂದು ಲಂಗದ ಆಕಾರದ್ದು. ನಿರಿಗೆಯನ್ನು ಕಾಲಿಗೆ ಕಟ್ಟದೆ ಆ ಲಂಗಕ್ಕೆ ಕಟ್ಟಬಹುದು. ಮೈ ದಪ್ಪ ಆದರೆ ಲಂಗ ಹಿಗ್ಗುತ್ತದೆ, ಅದರ ಜೊತೆ ಸೀರೆಯೂ. ಮುಖದ ಸೂಕ್ಷ್ಮ ಡಾಜ್ ಮಟ್ಟಕ್ಕೆ ಬರುವುದಿಲ್ಲ, ನಿಜ.

ಉತ್ತರ 4: ಬೆಂಗಳೂರಿನ ಗೇಮ್ ಸ್ಟುಡಿಯೋದಲ್ಲಿ ರಿಗ್ಗಿಂಗ್ ಕೆಲಸ

ಅನ್‌ರಿಯಲ್ ಗೇಮ್ ಎಂಜಿನ್‌ನ ಮೆಟಾಹ್ಯೂಮನ್ ಎಂಬ ಮನುಷ್ಯ ಮಾದರಿಗಳಲ್ಲೂ ಇದೇ ಕತೆ. ಎಲ್ಲ ತಲೆಗಳ ಮೆಶ್ ರಚನೆ ಒಂದೇ, ಹಾಗಾಗಿ ಒಬ್ಬರ ಮುಖಭಾವದ ಆನಿಮೇಶನ್ ಇನ್ನೊಬ್ಬರಿಗೆ ನೇರ ಹೋಗುತ್ತದೆ. ನೋಡಲು ಬಹಳ ಖುಷಿ. ಆದರೆ ಮೊದಲಿನ ಮೆಟಾಹ್ಯೂಮನ್‌ಗಳಲ್ಲಿ ಮೈಗೆ 18 ಸಿದ್ಧ ಅಳತೆಗಳಿದ್ದವು: ಮೂರು ಎತ್ತರ, ಮೂರು ಗಾತ್ರ, ಗಂಡು ಮತ್ತು ಹೆಣ್ಣು. ಒಂದು ಅಳತೆಗೆ ಹೊಲಿದ ಕೋಟು ಇನ್ನೊಂದಕ್ಕೆ ಬರುತ್ತಿರಲಿಲ್ಲ. 2025ರಲ್ಲಿ ಅನ್‌ರಿಯಲ್ 5.6ರ ಜೊತೆ ಮೈಯನ್ನೂ ಬೇಕಾದ ಹಾಗೆ ತಿದ್ದುವ ಸೌಲಭ್ಯ ಬಂತು.

ಸೀರೆ ಬಗ್ಗೆ ನನ್ನದೊಂದು ಮಾತು. ಡಾಜ್‌ನಲ್ಲಿ ಸೀರೆಗೆ ಆಟೋಫಿಟ್ ಬೇಡವೇ ಬೇಡ. ಆಟೋಫಿಟ್ ಹತ್ತಿರದ ಮೈಯಿಂದ ವೇಟ್ ತೆಗೆದುಕೊಳ್ಳುತ್ತದೆ. ನಿರಿಗೆಯ ಎಡಭಾಗ ಎಡತೊಡೆಗೆ, ಬಲಭಾಗ ಬಲತೊಡೆಗೆ ಅಂಟುತ್ತದೆ. ಅಜ್ಜಿ ಒಂದು ಹೆಜ್ಜೆ ಇಟ್ಟ ಕೂಡಲೇ ನಿರಿಗೆ ನಡುವೆ ಪ್ಯಾಂಟಿನ ಹಾಗೆ ಸೀಳಿಕೊಳ್ಳುತ್ತದೆ. ಸೆರಗು ತೋಳಿಗೆ ಅಂಟಿ ಕೈ ಎತ್ತಿದಾಗ ರಬ್ಬರಿನ ಹಾಗೆ ಎಳೆಯುತ್ತದೆ. ರವಿಕೆಯನ್ನು ಮಾತ್ರ ಆಟೋಫಿಟ್ ಮಾಡಿ. ಸೀರೆಯನ್ನು ಬ್ಲೆಂಡರ್‌ನ ಕ್ಲಾತ್ ಸಿಮ್ಯುಲೇಶನ್‌ನಲ್ಲಿ (ಬಟ್ಟೆ ಹೇಗೆ ಬೀಳುತ್ತದೆ ಅಂತ ಲೆಕ್ಕ ಹಾಕುವ ಸೌಲಭ್ಯದಲ್ಲಿ) ಉಡಿಸಿ. ಸೊಂಟದ ಸುತ್ತು ಮತ್ತು ಭುಜದ ಮೇಲೆ ಸೆರಗು ಕೂರುವ ಜಾಗವನ್ನು ಪಿನ್ ಮಾಡಿ, ಉಳಿದದ್ದು ಬಿಡಿ. ನಿಂತ ಭಂಗಿಯಿಂದ ಬೇಕಾದ ಪೋಸ್‌ಗೆ ನಿಧಾನಕ್ಕೆ ಬನ್ನಿ, ದಿಢೀರ್ ಪೋಸ್ ಬದಲಿಸಿದರೆ ಬಟ್ಟೆ ಮೈಯೊಳಗೆ ಸಿಕ್ಕಿಕೊಳ್ಳುತ್ತದೆ.

ಉತ್ತರ 5: ಮನುಷ್ಯರ ಚಲನೆಯ ಮೇಲೆ ಸಂಶೋಧನೆ ಮಾಡುವವರು

ನಮ್ಮಲ್ಲಿ ಬಳಸುವುದು ಎಸ್‌ಎಂಪಿಎಲ್ ಎಂಬ ಮನುಷ್ಯ ಮೈಯ 3ಡಿ ಮಾದರಿ, 2015ರದ್ದು. 6,890 ವರ್ಟೆಕ್ಸ್. ಬೆರಳುಗಳ ಚಲನೆ ಸೇರಿಸಿದ ಎಸ್‌ಎಂಪಿಎಲ್-ಎಚ್‌ನದ್ದೂ ಅದೇ 6,890. ಮುಖವೂ ಸೇರಿದ ಎಸ್‌ಎಂಪಿಎಲ್-ಎಕ್ಸ್‌ನಲ್ಲಿ 10,475. ಹೆಸರು ಒಂದೇ ಮನೆತನದ್ದು, ಮೆಶ್ ಬೇರೆ. ಮೈಯ ಚಲನೆ ಬಹುಪಾಲು ದಾಟುತ್ತದೆ, ವರ್ಟೆಕ್ಸ್ ನಂಬರ್ ಹಿಡಿದು ಮಾಡಿದ ಯಾವ ಕೆಲಸವೂ ದಾಟುವುದಿಲ್ಲ. ಹೆಸರು ನೋಡಿ ನಂಬಬೇಡಿ, ಸಂಖ್ಯೆ ನೋಡಿ.

ಕೇಳಿದವರು ಮತ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ಹಾಗಾದರೆ 8ರಲ್ಲೇ ಮುಗಿಸುತ್ತೇನೆ, ಸೀರೆ ಬ್ಲೆಂಡರ್‌ನಲ್ಲಿ. ಇನ್ನೊಂದು ಕೇಳಬೇಕಿತ್ತು. ಅಜ್ಜಿಗೂ ಮಗಳಿಗೂ ಮೂಗುಬೊಟ್ಟು ಇದೆ. ಬಟ್ಟೆಯ ಹಾಗೆ ಫಿಟ್ ಮಾಡಿದರೆ ನಕ್ಕಾಗ ಹರಳೇ ಅಗಲವಾಗುತ್ತಿದೆ. ಏನು ಮಾಡಲಿ?

ಉತ್ತರ 2 ಬರೆದವರು

ಗಟ್ಟಿ ವಸ್ತುವನ್ನು ಬಟ್ಟೆಯ ಹಾಗೆ ಫಿಟ್ ಮಾಡಬಾರದು. ಡಾಜ್‌ನಲ್ಲೇ ಇದ್ದರೆ ರಿಜಿಡ್ ಫಾಲೋ ನೋಡ್ (ಗಟ್ಟಿ ವಸ್ತು ಆಕಾರ ಕೆಡದೆ ಮೈಯ ಜೊತೆ ಸರಿಯುವಂತೆ ಮಾಡುವುದು) ಬಳಸಿ. ಬ್ಲೆಂಡರ್‌ನಲ್ಲಿ ಇನ್ನೂ ಸುಲಭ. ಮೂಗಿನ ಹೊಳ್ಳೆಯ ಮೇಲೆ ಅಕ್ಕಪಕ್ಕದ ಮೂರು ವರ್ಟೆಕ್ಸ್ ಆರಿಸಿ, ಮೂಗುಬೊಟ್ಟನ್ನು ಆ ಮೂರಕ್ಕೆ ವರ್ಟೆಕ್ಸ್ ಪೇರೆಂಟ್ ಮಾಡಿ. ಮೂಗು ಅರಳಿದರೆ ಬೊಟ್ಟು ಜೊತೆಗೆ ಸರಿಯುತ್ತದೆ, ವಾಲುತ್ತದೆ, ಆದರೆ ಹಿಗ್ಗುವುದಿಲ್ಲ.

ಆ ಮೂರು ನಂಬರ್‌ಗಳನ್ನು ಬರೆದಿಟ್ಟುಕೊಳ್ಳಿ. ಪ್ರಿಫರೆನ್ಸಸ್‌ನಲ್ಲಿ ಡೆವಲಪರ್ ಎಕ್ಸ್‌ಟ್ರಾಸ್ ಆನ್ ಮಾಡಿದರೆ ಎಡಿಟ್ ಮೋಡ್‌ನ ಓವರ್‌ಲೇಯಲ್ಲಿ ನಂಬರ್ ಕಾಣುತ್ತದೆ. ಅಜ್ಜಿ, ಮಗಳು ಇಬ್ಬರೂ ಜೆನೆಸಿಸ್ 8 ಫೀಮೇಲ್ ತಾನೇ, ಇಬ್ಬರ ಮೂಗಿನಲ್ಲೂ ಅದೇ ಮೂರು ನಂಬರ್ ಅದೇ ಜಾಗದಲ್ಲಿರುತ್ತವೆ. ಆಮೇಲೆ ಮದುವೆಮನೆ ದೃಶ್ಯಕ್ಕೆ ಅಂತ ಹತ್ತು ಹೆಂಗಸರನ್ನು ಸೇರಿಸಿದರೂ ಅಷ್ಟೇ. ಓಲೆಗೂ ಹೀಗೇ ಮಾಡಿ. ಒಂದೇ ಷರತ್ತು: ಜಿಯೋಗ್ರಾಫ್ಟ್ (ಮೈಯ ಮೆಶ್‌ಗೆ ಕಸಿ ಮಾಡುವ ಹೆಚ್ಚುವರಿ ಭಾಗ) ಯಾವುದಾದರೂ ಇದ್ದರೆ ಅದನ್ನು ಮೈಗೆ ಮರ್ಜ್ ಮಾಡುವ ಮೊದಲೇ ಮಾರ್ಫ್‌ಗಳನ್ನೆಲ್ಲ ತಂದಿರಬೇಕು. ಮರ್ಜ್ ಆದಮೇಲೆ ನಂಬರ್ ಬದಲಾಗಬಹುದು, ಆಗ ಒಡವೆಗಳನ್ನು ಒಂದೊಂದಾಗಿ ಮತ್ತೆ ಕೂರಿಸಬೇಕಾಗುತ್ತದೆ.