ಸರ್ಕಾರದ ಮೇಲೆ ರೋಗಾಣು ದಾಳಿ: ನನ್ನ ಕಾದಂಬರಿಯ ಮೂರನೆಯ ಅಧ್ಯಾಯ ನಂಬುವಂತಿದೆಯೇ?

ಪೊಟೊಮ್ಯಾಕ್ ತೀರದ ಕನ್ನಡತಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮೇರಿಲ್ಯಾಂಡಿನಲ್ಲಿ ನೆಲೆಸಿರುವ ನಾನು ಬಿಡುವು ಸಿಕ್ಕಾಗಲೆಲ್ಲ ಕನ್ನಡದಲ್ಲಿ ಒಂದು ರೋಚಕ ಕಾದಂಬರಿ ಬರೆಯುತ್ತಿದ್ದೇನೆ. ಕತೆ ನಡೆಯುವುದು ವಾಷಿಂಗ್ಟನ್ನಿನಲ್ಲಿ. ಮೂರನೆಯ ಅಧ್ಯಾಯದಲ್ಲಿ ಸೆನೆಟರ್ ಒಬ್ಬರು ತಮಗೆ ಬಂದ ಲಕೋಟೆಯನ್ನು ಒಡೆಯುತ್ತಾರೆ. ಆಂಥ್ರಾಕ್ಸ್ ಪುಡಿ ಮೇಜಿನ ಮೇಲೆ ಚೆಲ್ಲುತ್ತದೆ. ಹತ್ತು ನಿಮಿಷದೊಳಗೆ ಅವರು ಕುಸಿದು ಬೀಳುತ್ತಾರೆ. ಅವರಿಂದ ಇವರಿಗೆ, ಇವರಿಂದ ಮತ್ತೊಬ್ಬರಿಗೆ ಸೋಂಕು ಹರಡಿ ಸಂಜೆಯೊಳಗೆ ಸರ್ಕಾರವೇ ಸ್ತಬ್ಧವಾಗುತ್ತದೆ. ತುಮಕೂರಿನ ಕಡೆಯಿಂದ ಬಂದ ವೈದ್ಯೆಯೊಬ್ಬಳು ರಾತ್ರಿ ಬೆಳಗಾಗುವುದರೊಳಗೆ ಮದ್ದು ಕಂಡುಹಿಡಿಯುತ್ತಾಳೆ. ಕರಡು ಓದಿದ ನನ್ನ ಯಜಮಾನರು, "ಇದು ರೋಗವೋ, ಮಾಟವೋ?" ಎಂದು ಕೇಳಿ ಹಾಳೆಗಳನ್ನು ಮಡಿಸಿಟ್ಟರು. 2001ರಲ್ಲಿ ಅಮೆರಿಕದಲ್ಲಿ ಆಂಥ್ರಾಕ್ಸ್ ಪುಡಿ ತುಂಬಿದ ಪತ್ರಗಳು ಅಂಚೆಯಲ್ಲಿ ಬಂದ ಪ್ರಕರಣವನ್ನು ಬಲ್ಲವರು, ವೈದ್ಯರು, ದಯವಿಟ್ಟು ಎಲ್ಲಿ ಎಡವಿದ್ದೇನೆಂದು ತಿಳಿಸಿ. ನಿಜಕ್ಕೆ ಹತ್ತಿರವಾದರೆ ಕತೆಯ ಬಿಸಿ ಆರಿಹೋಗುತ್ತದೆಯೇ ಎಂಬುದು ನನ್ನ ಅಳುಕು.

ಸ್ಟೆತಸ್ಕೋಪು:

ಮೇಡಂ, ನಿಮ್ಮ ಯಜಮಾನರ ಪ್ರಶ್ನೆ ನ್ಯಾಯವಾದದ್ದು. ಆಂಥ್ರಾಕ್ಸ್ ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ಅಂಟುವ ಕಾಯಿಲೆಯಲ್ಲ. ಬೀಜಾಣುಗಳು, ಅಂದರೆ ಆ ಬ್ಯಾಕ್ಟೀರಿಯಾದ ಸುಪ್ತ ರೂಪ, ಉಸಿರಿನೊಂದಿಗೆ ಒಳಹೊಕ್ಕರೂ ರೋಗ ಅಂದೇ ತಲೆ ಎತ್ತುವುದಿಲ್ಲ. 2001ರಲ್ಲಿ ಸೋಂಕು ತಗುಲಿದ ದಿನ ಖಚಿತವಾಗಿ ತಿಳಿದಿದ್ದ ರೋಗಿಗಳಲ್ಲಿ ಲಕ್ಷಣ ಕಾಣಿಸಿಕೊಳ್ಳಲು ನಾಲ್ಕರಿಂದ ಆರು ದಿನ ಹಿಡಿದಿತ್ತು. ಮೊದಲು ಬರುವುದು ಜ್ವರ, ಬೆವರು, ಸುಸ್ತು, ಒಂದಿಷ್ಟು ಕೆಮ್ಮು, ಅಂದರೆ ಯಾವ ವೈದ್ಯನಾದರೂ ಫ್ಲೂ ಎಂದು ಬರೆದು ಕಳುಹಿಸಬಹುದಾದ ಲಕ್ಷಣಗಳು. ಮದ್ದು ಕಂಡುಹಿಡಿಯುವ ಅಗತ್ಯವೂ ಇಲ್ಲ. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮದ್ದುಗಳು ಆಗಲೇ ಅಂಗಡಿಯಲ್ಲಿದ್ದವು. ಪ್ರಶ್ನೆ ಇದ್ದದ್ದು ಯಾರಿಗೆ ಕೊಡಬೇಕು, ಯಾವಾಗ ಕೊಡಬೇಕು ಎಂಬುದರಲ್ಲಿ.

ಒಟ್ಟು 22 ಮಂದಿಗೆ ರೋಗ ಬಂತು. ಅವರಲ್ಲಿ 11 ಮಂದಿಗೆ ಚರ್ಮದ ರೂಪ, 11 ಮಂದಿಗೆ ಉಸಿರಿನ ಮೂಲಕ ಬರುವ ರೂಪ. ಸತ್ತ ಐವರೂ ಎರಡನೆಯ ಗುಂಪಿನವರು. ಮೊದಲು ತೀರಿಕೊಂಡವರು ಫ್ಲಾರಿಡಾದ ಒಂದು ಪತ್ರಿಕಾ ಸಂಸ್ಥೆಯಲ್ಲಿ ಫೋಟೊ ಸಂಪಾದಕರಾಗಿದ್ದ ರಾಬರ್ಟ್ ಸ್ಟೀವನ್ಸ್, ಅಕ್ಟೋಬರ್ 5ರಂದು. ಅವರ ಬೆನ್ನುಹುರಿಯ ದ್ರವವನ್ನು ಸೂಕ್ಷ್ಮದರ್ಶಕದಡಿ ನೋಡಿದ ವೈದ್ಯರಿಗೆ ಕಂಡದ್ದು ದಪ್ಪನೆಯ ನೇರಳೆ ಕಡ್ಡಿಗಳು, ಅಂದರೆ ಬಣ್ಣ ಹಿಡಿದ ಕಡ್ಡಿಯಾಕಾರದ ಬ್ಯಾಕ್ಟೀರಿಯಾ. ಮಿದುಳುಜ್ವರದ ರೋಗಿಯಲ್ಲಿ ಅಂಥವು ಕಾಣುವುದು ಅಪರೂಪ. ಸೆಪ್ಟೆಂಬರ್ 11 ಕಳೆದು ಮೂರೇ ವಾರವಾಗಿದ್ದ ಆ ದಿನಗಳಲ್ಲಿ ಅದರ ಅರ್ಥವೇನಿರಬಹುದೆಂದು ಬಾಯಿಬಿಟ್ಟು ಹೇಳುವುದಕ್ಕೂ ಎದೆ ಬೇಕಿತ್ತು. ನಿಮ್ಮ ನಾಯಕಿಗೆ ಕೊಡಬೇಕಾದ ಕ್ಷಣ ಅದು.

ನಿವೃತ್ತ ಪಶುವೈದ್ಯ:

ನಮ್ಮ ಕಡೆಯ ರೈತರಿಗೆ ಇದು ಹೊಸ ರೋಗವೇನಲ್ಲ, ದನಕುರಿಗಳಿಗೆ ಬರುವ ನೆರಡಿಯೇ ಆಂಥ್ರಾಕ್ಸ್. ಸಂಜೆ ಚೆನ್ನಾಗಿದ್ದ ಕುರಿ ಬೆಳಗ್ಗೆ ಸತ್ತು ಬಿದ್ದಿರುತ್ತದೆ, ಹೊಟ್ಟೆ ಉಬ್ಬಿರುತ್ತದೆ, ಮೂಗಿನಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿರುತ್ತದೆ. ಅಂಥ ಕಳೇಬರವನ್ನು ಕೊಯ್ಯಲೇಬಾರದೆಂದು ನಮ್ಮ ಗುರುಗಳು ಮೊದಲ ಪಾಠದಲ್ಲೇ ಹೇಳಿದ್ದರು, ಏಕೆಂದರೆ ಒಳಗಿನ ಬ್ಯಾಕ್ಟೀರಿಯಾಕ್ಕೆ ಗಾಳಿ ತಗುಲಿದರೆ ಬೀಜಾಣುಗಳಾಗಿ ಮಾರ್ಪಟ್ಟು ಮಣ್ಣಿನಲ್ಲಿ ದಶಕಗಳ ಕಾಲ ಉಳಿದುಬಿಡುತ್ತವೆ. ಇದಕ್ಕೆ ಲಸಿಕೆ ತಯಾರಾಗುವುದು ಬೆಂಗಳೂರಿನ ಹೆಬ್ಬಾಳದಲ್ಲೇ. ತುಮಕೂರಿನ ಸೀಮೆಯ ಹುಡುಗಿ ಕುರಿಹಟ್ಟಿಯಲ್ಲಿ ಇದನ್ನು ಚಿಕ್ಕಂದಿನಲ್ಲೇ ಕಂಡಿದ್ದಳೆಂದು ಬರೆದರೆ, ಆ ನೇರಳೆ ಕಡ್ಡಿಗಳನ್ನು ಅವಳೇ ಗುರುತಿಸುವುದು ಕೃತಕವೆನಿಸುವುದಿಲ್ಲ.

ಆರ್‌ಎಂಎಸ್ ಹಳೆಯ ಕೈ:

ನಾನು ಇಪ್ಪತ್ತೊಂಬತ್ತು ವರ್ಷ ರೈಲ್ವೆ ಅಂಚೆಯಲ್ಲಿ ಸಾರ್ಟಿಂಗ್ ಮಾಡಿದವನು, ಹಾಗಾಗಿ ನನ್ನ ಕಣ್ಣು ಬೀಳುವುದು ಬೇರೆ ಕಡೆಗೆ. ತಾಯಿ, ನಿಮ್ಮ ಅಧ್ಯಾಯದಲ್ಲಿ ಲಕೋಟೆ ನೆಟ್ಟಗೆ ಸೆನೆಟರ್ ಮೇಜಿಗೆ ಬಂದುಬಿಟ್ಟಿದೆ. ಅದು ಬಂದ ದಾರಿ ಎಲ್ಲಿ?

ಸೆನೆಟರ್ ಟಾಮ್ ಡ್ಯಾಶೆಲ್ ಅವರ ಹೆಸರಿಗೆ ಬಂದ ಪತ್ರಕ್ಕೆ ನ್ಯೂಜೆರ್ಸಿಯ ಟ್ರೆಂಟನ್ ಮುದ್ರೆ ಬಿದ್ದದ್ದು ಅಕ್ಟೋಬರ್ 9ರಂದು. ಕಳುಹಿಸಿದವರ ವಿಳಾಸದ ಜಾಗದಲ್ಲಿ "ನಾಲ್ಕನೆಯ ತರಗತಿ, ಗ್ರೀನ್‌ಡೇಲ್ ಶಾಲೆ" ಎಂದಿತ್ತು. ಅಲ್ಲಿ ಅಂಥ ಶಾಲೆಯೇ ಇರಲಿಲ್ಲ. ಮಕ್ಕಳ ಕಾಗದವೆಂದರೆ ಯಾರಿಗೂ ಅನುಮಾನ ಬರುವುದಿಲ್ಲವೆಂದು ಬರೆದವನಿಗೆ ಗೊತ್ತಿತ್ತು. ಆ ಕಾಗದ ವಾಷಿಂಗ್ಟನ್ನಿನ ಬ್ರೆಂಟ್‌ವುಡ್ ಅಂಚೆ ಕೇಂದ್ರದ ಯಂತ್ರಗಳ ಮೂಲಕ ಹಾದು 15ರಂದು ಸೆನೆಟ್ ಕಚೇರಿಯಲ್ಲಿ ತೆರೆಯಿತು. ಅಲ್ಲಿನ ಸಿಬ್ಬಂದಿಗೆ ತಡಮಾಡದೆ ಮೂಗಿನ ಪರೀಕ್ಷೆ ನಡೆಸಿ ಮಾತ್ರೆ ಕೊಟ್ಟರು, ಅವರಲ್ಲಿ ಯಾರೂ ಸಾಯಲಿಲ್ಲ. ಬ್ರೆಂಟ್‌ವುಡ್ ಮಾತ್ರ ನಡೆಯುತ್ತಲೇ ಇತ್ತು. ಅಂಚು ಮುಚ್ಚಿ ಟೇಪು ಹಚ್ಚಿದ ಲಕೋಟೆಯಿಂದ ಏನೂ ಹೊರಬರುವುದಿಲ್ಲವೆಂದು ತಜ್ಞರು ನಂಬಿದ್ದರು. ಸಾರ್ಟಿಂಗ್ ಹಾಲಿನಲ್ಲಿ ಒಂದು ರಾತ್ರಿ ನಿಂತು ನೋಡಿದ್ದರೆ ಹಾಗೆ ನಂಬುತ್ತಿರಲಿಲ್ಲ. ನಾವು ಕೈಯಿಂದ ವಿಂಗಡಿಸುತ್ತಿದ್ದ ಕಾಲದಲ್ಲೂ ಒಂದು ಚೀಲ ಕೊಡವಿದರೆ ದೀಪದ ಬೆಳಕಿನಲ್ಲಿ ಧೂಳು ಏಳುವುದು ಕಾಣುತ್ತಿತ್ತು, ಮನೆಗೆ ಹೋಗಿ ಮೂಗು ಸೀದಿದರೆ ಕರವಸ್ತ್ರ ಕಪ್ಪಾಗುತ್ತಿತ್ತು. ಅಲ್ಲಿ ಯಂತ್ರ ಕಾಗದವನ್ನು ಹಿಂಡಿ ಹಿಂಡಿ ಓಡಿಸುತ್ತದೆ, ಆ ಯಂತ್ರವನ್ನು ಜೋರು ಗಾಳಿ ಹೊಡೆದು ಶುಚಿ ಮಾಡುತ್ತಿದ್ದರು.

ಅಕ್ಟೋಬರ್ 18ರಂದು ಅಂಚೆ ಇಲಾಖೆಯ ಮುಖ್ಯಸ್ಥರು, ಜನರ ಭಯ ಹೋಗಲಾಡಿಸಲೆಂದು, ಅದೇ ಕಟ್ಟಡದಲ್ಲಿ ಪತ್ರಿಕಾಗೋಷ್ಠಿ ನಡೆಸಿದರು. ಕಟ್ಟಡ ಮುಚ್ಚಿದ್ದು 21ಕ್ಕೆ. ಥಾಮಸ್ ಮಾರಿಸ್ ಎಂಬ ನೌಕರರು ಅಂದು ಬೆಳಗಿನ ಜಾವ ತುರ್ತು ಸೇವೆಗೆ ಫೋನು ಮಾಡಿ, ತಮಗೆ ಆಂಥ್ರಾಕ್ಸ್ ತಗುಲಿರಬಹುದೆಂದು ತಾವೇ ವಿವರಿಸಿದರು. ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. ಮರುದಿನ ಅವರ ಸಹೋದ್ಯೋಗಿ ಜೋಸೆಫ್ ಕರ್ಸೀನ್ ಕೂಡ ತೀರಿಕೊಂಡರು. ಈಗ ಆ ಅಂಚೆ ಕೇಂದ್ರಕ್ಕೆ ಇವರಿಬ್ಬರ ಹೆಸರಿದೆ.

ಸೆನೆಟರ್ ಪ್ಯಾಟ್ರಿಕ್ ಲೇಹಿ ಅವರ ಕಾಗದದ ಕತೆ ಕೇಳಿ. ಯಂತ್ರ ಪಿನ್‌ಕೋಡನ್ನು ತಪ್ಪಾಗಿ ಓದಿದ್ದರಿಂದ ಅದು ವಿದೇಶಾಂಗ ಇಲಾಖೆಯ ಅಂಚೆ ವಿಭಾಗಕ್ಕೆ ಹೋಯಿತು; ಅಲ್ಲಿನ ನೌಕರರೊಬ್ಬರು ಕಾಯಿಲೆ ಬಿದ್ದು ಬದುಕಿಕೊಂಡರು; ಕಾಗದ ಒಡೆಯದೆಯೇ ನವೆಂಬರ್ 16ರಂದು ವಶಪಡಿಸಿಕೊಂಡ ಟಪಾಲಿನ ರಾಶಿಯಲ್ಲಿ ಸಿಕ್ಕಿತು. ನಮ್ಮಲ್ಲಿ ದಾರಿ ತಪ್ಪಿದ ಕಾಗದಕ್ಕೆ 'ಮಿಸೆಂಟ್' ಎಂದು ಬರೆದು ಸುಮ್ಮನೆ ಮುಂದೆ ಕಳಿಸುತ್ತಿದ್ದೆವು.

ಸಂದೇಹಿ:

ಮೇಲಿನವರ ಮಾತು ಮನ ಮುಟ್ಟುವಂತಿದೆ, ಆದರೆ ರೋಚಕ ಕಾದಂಬರಿಗೆ ಕಳ್ಳನೂ ಬೇಕಲ್ಲವೇ? ಈ ಪ್ರಕರಣದಲ್ಲಿ ಕಳ್ಳನೇ ಕೈಗೆ ಸಿಗಲಿಲ್ಲ. ತನಿಖಾಧಿಕಾರಿಗಳ ಕಣ್ಣು ವರ್ಷಗಳ ಕಾಲ ಸ್ಟೀವನ್ ಹ್ಯಾಟ್‌ಫಿಲ್ ಎಂಬ ವಿಜ್ಞಾನಿಯ ಮೇಲಿತ್ತು; 2008ರಲ್ಲಿ ಸರ್ಕಾರ ಅವರೊಂದಿಗೆ ರಾಜಿ ಮಾಡಿಕೊಂಡು ಸುಮಾರು 58 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು. ಅದೇ ವರ್ಷ ಜುಲೈ ಕೊನೆಯಲ್ಲಿ, ಫೋರ್ಟ್ ಡೆಟ್ರಿಕ್‌ನ ಸೇನಾ ಪ್ರಯೋಗಾಲಯದಲ್ಲಿ ಆಂಥ್ರಾಕ್ಸ್ ಲಸಿಕೆಯ ಸಂಶೋಧಕರಾಗಿದ್ದ ಬ್ರೂಸ್ ಐವಿನ್ಸ್ ಆರೋಪಪಟ್ಟಿಗೆ ಮೊದಲೇ ಆತ್ಮಹತ್ಯೆ ಮಾಡಿಕೊಂಡರು. ಅವರೊಬ್ಬರದೇ ಕೃತ್ಯವೆಂದು ಹೇಳಿ ಎಫ್‌ಬಿಐ 2010ರ ಫೆಬ್ರವರಿಯಲ್ಲಿ ಕಡತ ಮುಚ್ಚಿತು. ಮರುವರ್ಷ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ, ವೈಜ್ಞಾನಿಕ ಸಾಕ್ಷ್ಯವೊಂದರಿಂದಲೇ ಪುಡಿಯ ಮೂಲವನ್ನು ಖಚಿತವಾಗಿ ಹೇಳಲಾಗದು ಎಂದಿತು. ತನಿಖೆಗೆ ಆರಂಭದಲ್ಲಿ ನೆರವಾಗಿದ್ದವರಲ್ಲಿ ಐವಿನ್ಸ್ ಕೂಡ ಒಬ್ಬರು ಎಂಬುದನ್ನು ಯಾವ ಕಾದಂಬರಿಕಾರ ಬಿಟ್ಟಾನು?

ಇನ್ನೊಂದು ತಿದ್ದುಪಡಿ. ಸರ್ಕಾರ ಸ್ತಬ್ಧವಾಗಲಿಲ್ಲ, ಕುಂಟುತ್ತ ನಡೆಯಿತು. ಡ್ಯಾಶೆಲ್ ಕಚೇರಿಯಿದ್ದ, ಸೆನೆಟಿನ ಹಾರ್ಟ್ ಕಟ್ಟಡವನ್ನು ಅನಿಲ ಹಾಯಿಸಿ ಶುದ್ಧ ಮಾಡಿ 2002ರ ಜನವರಿ 22ಕ್ಕೆ ತೆರೆದರು; 1935ರಿಂದ ತನ್ನದೇ ಕಟ್ಟಡದಲ್ಲಿ ಕೂತಿದ್ದ ಸುಪ್ರೀಂ ಕೋರ್ಟ್, ತಪಾಸಣೆಗೆಂದು ಅದನ್ನು ಮುಚ್ಚಿದ್ದರಿಂದ, ಮೊದಲ ಬಾರಿಗೆ ಬೇರೊಂದು ನ್ಯಾಯಾಲಯದ ಕೊಠಡಿಯಲ್ಲಿ ವಾದ ಆಲಿಸಿತು.

ಪೊಟೊಮ್ಯಾಕ್ ತೀರದ ಕನ್ನಡತಿ:

ಎಲ್ಲರಿಗೂ ಕೃತಜ್ಞತೆಗಳು. ಹತ್ತು ನಿಮಿಷದ ಸಾವನ್ನು ಹೊಡೆದುಹಾಕಿದ್ದೇನೆ. ಸಂದೇಹಿಯವರೇ, ಕಳ್ಳ ಇರುತ್ತಾನೆ, ಆದರೆ ಅವನು ಕೊನೆಯವರೆಗೂ ಒಂದು ಕೈಬರಹವಾಗಿ ಮಾತ್ರ ಇರಲಿ ಎಂದುಕೊಂಡಿದ್ದೇನೆ. ಅಂಚೆಯ ಹಿರಿಯರೇ, ಮೂರನೆಯ ಅಧ್ಯಾಯವನ್ನು ಸೆನೆಟರ್ ಕೋಣೆಯಿಂದ ಎತ್ತಿ ರಾತ್ರಿ ಪಾಳಿಯ ಸಾರ್ಟಿಂಗ್ ಹಾಲಿಗೆ ತಂದಿದ್ದೇನೆ; ಆ ಕರವಸ್ತ್ರವನ್ನು ನಿಮ್ಮಿಂದ ಕಡ ತೆಗೆದುಕೊಳ್ಳಲೇ? ಡಾಕ್ಟರೇ, ಒಂದು ಪ್ರಶ್ನೆ ಉಳಿದಿದೆ. ಆ ನೌಕರ ಜ್ವರದಲ್ಲಿ ಆಸ್ಪತ್ರೆಗೆ ಬಂದಾಗ ನನ್ನ ನಾಯಕಿ ಉಳಿದ ವೈದ್ಯರಿಗಿಂತ ಬೇರೆಯಾಗಿ ಏನು ಮಾಡಬೇಕು?

ಆರ್‌ಎಂಎಸ್ ಹಳೆಯ ಕೈ:

ಧಾರಾಳವಾಗಿ ತೆಗೆದುಕೊಳ್ಳಿ ತಾಯಿ, ಒಗೆದು ಹಿಂದಿರುಗಿಸುವ ಅಗತ್ಯವಿಲ್ಲ.

ಸ್ಟೆತಸ್ಕೋಪು:

ಪವಾಡವೇನೂ ಬೇಡ, ಮೇಡಂ. ಹೊರಗೆ ನಲವತ್ತು ಜನ ಕಾಯುತ್ತಿರುತ್ತಾರೆ, ಅವರಲ್ಲಿ ಮೂವತ್ತು ಜನಕ್ಕೆ ಬರೀ ನೆಗಡಿ. ಅವಳ ಸಹೋದ್ಯೋಗಿ ಜ್ವರದ ಮಾತ್ರೆ ಬರೆದು ಮನೆಗೆ ಕಳುಹಿಸಲು ಪೆನ್ನು ತೆಗೆದಿರುತ್ತಾನೆ. ಇವಳು ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿಯಬೇಕು. ಶ್ವಾಸಕೋಶ ಹೆಚ್ಚುಕಡಿಮೆ ಸ್ವಚ್ಛವಾಗಿದ್ದರೂ ಅವೆರಡರ ನಡುವಿನ ನೆರಳು ಇರಬೇಕಾದ್ದಕ್ಕಿಂತ ಅಗಲವಾಗಿರುವುದನ್ನು, ಅಂದರೆ ಈ ರೋಗದ ಸುಳಿವನ್ನು, ಕಾಣಬೇಕು. ಆಮೇಲೆ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಅಲ್ಲಿಯವರೆಗೆ ಆ ಆಸ್ಪತ್ರೆಯಲ್ಲಿ ಯಾರೂ ಕೇಳಿರದ ಪ್ರಶ್ನೆಯನ್ನು ಕೇಳಬೇಕು: "ನೀವು ಏನು ಕೆಲಸ ಮಾಡುತ್ತೀರಿ?"